ಪಿಕಪ್ ಬುಕ್ ಮಾಡೋ ಮೊದಲು ಹೊಲದ ದಾರಿ ನೋಡ್ರಿ

ಇವತ್ತಿನ ಸಂಚಿಕೆಯಲ್ಲಿ ಡೀಸೆಲ್ ಪಿಕಪ್ ಬಗ್ಗೆ ಮಾತಾಡೋಣು. "ಅಣ್ಣಾ, ಯಾವ ಪಿಕಪ್ ಚಲೋ?" ಅಂತ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಎಲ್ಲಿ ಹೋದರೂ ಹುಡುಗರು ನನ್ನ ಕೇಳ್ತಾರ. ಡಿಗ್ರಿ ಮುಗಿದಿರ್ತೈತಿ, ನೌಕರಿ ಸಿಕ್ಕಿರಲ್ಲ, ಅಪ್ಪ ಸಾಲಕ್ಕೆ ಜಾಮೀನು ಸಹಿ ಹಾಕಾಕ ಒಪ್ಪಿರ್ತಾನ. ಅಂಥ ಮನಿಗೆ ಪಿಕಪ್ ಅಂದ್ರ ಮುಂದಿನ ಐದು ವರ್ಷದ ಅನ್ನ. ಅದಕ್ಕ ಈ ಪ್ರಶ್ನೆಗೆ ಒಂದೇ ಹೆಸರು ಹೇಳಿ ಮುಗಿಸೋದು ಸರಿ ಅನಿಸಲ್ಲ ನನಗ. ನಮ್ಮ ಮನ್ಯಾಗೂ ಹನ್ನೊಂದು ವರ್ಷದಿಂದ ಪಿಕಪ್ ಐತಿ. ನಮ್ಮಣ್ಣ ಓಡಿಸ್ತಾನ, ಲೆಕ್ಕ ನಾನು ಬರೀತೀನಿ. ಆ ಲೆಕ್ಕದ ಪುಸ್ತಕ ನೋಡಿದವನ ಮಾತು ಇದು ಅಂತ ತಿಳಕೊಳ್ರಿ.

ಹುಡುಗರು ಎರಡು ವಿಷಯ ಕೇಳ್ತಾರ. ಗಾಡಿ ಎಷ್ಟು ಜಗ್ತೈತಿ? ಗಾಡಿ ಕೈ ಕೊಡಂಗಿಲ್ಲ ಹೌದಿಲ್ಲೋ? ಮೊದಲು ಜಗ್ಗೋ ಮಾತು ತಗೊಳ್ಳೋಣು.

ನಿಮ್ಮ ಮೊಬೈಲ್‌ನ್ಯಾಗ ಹೊರದೇಶದ ವಿಡಿಯೋ ಬಂದಿರ್ತಾವ. ಪಿಕಪ್ ಹಿಂದ ಒಂದು ದೊಡ್ಡ ಟ್ರೇಲರ್, ಅದರ ಮ್ಯಾಲೆ ದೋಣಿ, ಇಲ್ಲಾ ಕುದುರಿ. ಟೊಯೊಟಾ ಹೈಲಕ್ಸ್ ಆಸ್ಟ್ರೇಲಿಯಾದಲ್ಲಿ 3500 ಕೆಜಿವರೆಗಿನ ಟ್ರೇಲರ್ ಎಳೆಯಬಲ್ಲದು ಎಂದು ಕಂಪನಿಯೇ ಹೇಳುತ್ತದೆ. ಆದ್ರ ಅದರಾಗ ಒಂದು ಶರತ್ತು ಐತಿ. ಟ್ರೇಲರ್‌ಗೆ ತನ್ನದೇ ಬ್ರೇಕ್ ಇರಬೇಕು. ಬ್ರೇಕ್ ಇಲ್ಲದ ಟ್ರೇಲರ್ ಆದರೆ 750 ಕೆಜಿ, ಅಷ್ಟೇ. ಇದೇ ಹೈಲಕ್ಸ್ 2022ರಲ್ಲಿ ನಮ್ಮ ಬಿಡದಿಯಿಂದಲೇ ಮಾರುಕಟ್ಟೆಗೆ ಬಂತು. ಆಗ ಶೋರೂಮ್ ಬೆಲೆ 33.99 ಲಕ್ಷ ರೂಪಾಯಿಯಿಂದ ಶುರು. ಅದರಾಗ ಉಳ್ಳಾಗಡ್ಡಿ ಚೀಲ ಹಾಕಿ ಅಮರಗೋಳದ ಎಪಿಎಂಸಿಗೆ ಹೋಗೋರು ಯಾರದಾರ ಹೇಳ್ರಿ?

ನಮ್ಮ ಕಡೆ ಟ್ರೇಲರ್ ಎಳಿಯೋ ಕೆಲಸ ಟ್ರ್ಯಾಕ್ಟರ್‌ದು. ಇಲ್ಲೊಂದು ಮಜಾ ಐತಿ. ಟ್ರ್ಯಾಕ್ಟರ್ 45 ಎಚ್‌ಪಿ. ಬೊಲೆರೊ ಪಿಕಪ್ 75 ಎಚ್‌ಪಿ. ಹಂಗಾದ್ರ ಕಬ್ಬಿನ ಟ್ರೇಲರ್ ಟ್ರ್ಯಾಕ್ಟರ್‌ಗೆ ಯಾಕ ಬರ್ತೈತಿ, ಪಿಕಪ್‌ಗೆ ಯಾಕ ಬರಂಗಿಲ್ಲ? ಎಚ್‌ಪಿ ಹೇಳೋದು ಕೆಲಸ ಎಷ್ಟು ಬೇಗ ಆಗುತ್ತದೆ ಅನ್ನೋದನ್ನ. ಚಕ್ರವನ್ನು ತಿರುಗಿಸುವ ಬಲಕ್ಕೆ ಟಾರ್ಕ್ ಅಂತಾರ. ಇಂಜಿನ್ನಿನ ಟಾರ್ಕ್ ಗೇರ್ ದಾಟಿ ಚಕ್ರಕ್ಕೆ ಬರುವಾಗ ಹತ್ತಾರು ಪಟ್ಟು ಹೆಚ್ಚುತ್ತದೆ. ಟ್ರ್ಯಾಕ್ಟರ್ ಮನುಷ್ಯ ನಡಿಯೋ ವೇಗದಾಗ ಹೋಗೋ ಗೇರ್ ಇಟ್ಟುಕೊಂಡಿರ್ತೈತಿ, ಮೈ ಭಾರ ಇರ್ತೈತಿ, ಹಿಂದಿನ ದೊಡ್ಡ ಗಾಲಿ ಮಣ್ಣು ಕಚ್ಚಿ ಹಿಡೀತಾವ. ಪಿಕಪ್‌ನ ಗೇರ್ ಮಾಡಿದ್ದು ರಸ್ತೆಗೆ. ಅದಕ್ಕ ಟ್ರ್ಯಾಕ್ಟರ್ ಟ್ರೇಲರನ್ನ ಪಿಕಪ್‌ಗೆ ಸಿಗಿಸಿ ಜಗ್ಗೋ ರೀಲ್ಸ್ ನೋಡಿ ನಗ್ರಿ, ಮಾಡಾಕ ಹೋಗಬ್ಯಾಡ್ರಿ. ಮೊದಲು ಕ್ಲಚ್ ಪ್ಲೇಟ್ ಸುಡತೈತಿ. ಇಳುಕಲು ಬಂತಂದ್ರ ಹಿಂದಿನ ಟ್ರೇಲರ್ ನಿಮ್ಮನ್ನ ನೂಕತೈತಿ, ಪಿಕಪ್‌ನ ಬ್ರೇಕ್ ಅದನ್ನ ಹಿಡಿಯಂಗಿಲ್ಲ.

ಹಂಗಾದ್ರ ನಮ್ಮೂರಾಗ ಪಿಕಪ್ ಜಗ್ಗೋದಂದ್ರ ಏನು? ಮೂರು ಕೆಲಸ. ಬೆನ್ನ ಮ್ಯಾಲಿನ ಲೋಡ್ ಹೊರೋದು, ಘಾಟ್ ಏರಿ ಇಳಿಯೋದು, ಎರಿ ಹೊಲದಿಂದ ಹೊರಗ ಬರೋದು.

ಲೋಡ್ ಲೆಕ್ಕ ಚೀಲದಾಗ ಹಾಕೋಣು. 50 ಕೆಜಿಯ ಕಡಲಿ ಚೀಲ ಅಂತ ಹಿಡೀರಿ. 2005ರಲ್ಲಿ ಬಂದ ಟಾಟಾ ಏಸ್, ನಮ್ಮ ಚೋಟಾ ಹಾಥಿ, ಮುಕ್ಕಾಲು ಟನ್ ಗಾಡಿ, ಅಂದ್ರ 15 ಚೀಲ. ಟಾಟಾ ಇಂಟ್ರಾ ವಿ30 1.3 ಟನ್, 26 ಚೀಲ. ಇಂಟ್ರಾ ವಿ50 ಒಂದೂವರೆ ಟನ್, 30 ಚೀಲ. ಬೊಲೆರೊ ಪಿಕಪ್‌ನ 1.7 ಟನ್ ಮಾಡೆಲ್ 34 ಚೀಲ. 2020ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ಬಡಾ ದೋಸ್ತ್ ಐ4 ಸುಮಾರು 37 ಚೀಲ. 2022ರ ಟಾಟಾ ಯೋಧಾ 2.0, 2023ರ ಬೊಲೆರೊ ಮ್ಯಾಕ್ಸ್‌ನ ಎರಡು ಟನ್ ಮಾಡೆಲ್, ಇವು 40 ಚೀಲ.

ಈಗ ಇಂಜಿನ್. ಬೊಲೆರೊ ಪಿಕಪ್ 2523 ಸಿಸಿ, ನಾಲ್ಕು ಸಿಲಿಂಡರ್, ಟಾರ್ಕ್ 200 ಎನ್‌ಎಂ ಆಸುಪಾಸು. ಯೋಧಾ 2.2 ಲೀಟರ್, ಸುಮಾರು 100 ಎಚ್‌ಪಿ, 250 ಎನ್‌ಎಂ. ಇಂಟ್ರಾ ವಿ50 ಒಂದೂವರೆ ಲೀಟರ್, 80 ಎಚ್‌ಪಿ, 220 ಎನ್‌ಎಂ. ಬಡಾ ದೋಸ್ತ್ 1478 ಸಿಸಿ, ಮೂರು ಸಿಲಿಂಡರ್, 80 ಎಚ್‌ಪಿ, 190 ಎನ್‌ಎಂ. ಕಾಗದದ ಮ್ಯಾಲೆ ನೋಡಿದ್ರ ಯೋಧಾ ಗೆದ್ದಂಗ. ಖಾಲಿ ರಸ್ತೆಯಲ್ಲಿ ಸಣ್ಣ ಇಂಜಿನ್ ಡೀಸೆಲ್ ಉಳಿಸ್ತೈತಿ. ಆದ್ರ ದಿನಾ ತುಂಬಿದ ಲೋಡ್ ಇದ್ರ ಸಣ್ಣ ಇಂಜಿನ್ ಯಾವಾಗಲೂ ಉಸಿರು ಬಿಗಿಹಿಡಿದು ದುಡೀತೈತಿ. ದೊಡ್ಡ ಇಂಜಿನ್‌ಗೆ ಅದೇ ಲೋಡ್ ಅರ್ಧ ಕೆಲಸ.

ಇದು ಗೊತ್ತಾಗೋದು ಕಲಘಟಗಿ ಕಡೆ. ರಾಷ್ಟ್ರೀಯ ಹೆದ್ದಾರಿ 52 ನವಲಗುಂದವನ್ನು ಹಾದು ಹುಬ್ಬಳ್ಳಿಗೆ ಬರುತ್ತದೆ, ಅಲ್ಲಿಂದ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲಾಕ್ಕೆ ಇಳಿಯುತ್ತದೆ. ಒಂದೇ ರಸ್ತೆ, ಎರಡು ಬ್ಯಾರೆ ಲೋಕ. ನವಲಗುಂದ ಕಡೆ ಬಯಲು, ಗಾಡಿ ಟಾಪ್ ಗೇರ್‌ನ್ಯಾಗ ಹೊಂಟ್ರ ಹೊಂಟಂಗ. ಯಲ್ಲಾಪುರ ದಾಟಿದ ಮ್ಯಾಲೆ ಅರಬೈಲ್ ಘಾಟ್. ಗೋವಿನಜೋಳ ತುಂಬಿಕೊಂಡು ಕರಾವಳಿಗೆ ಹೋಗೋರಿಗೆ ಟಾರ್ಕ್‌ಗಿಂತ ಹೆಚ್ಚು ಬೇಕಾಗಿದ್ದು ಬ್ರೇಕ್. ಹಳೇ ಡ್ರೈವರ್‌ಗಳು ಹೇಳೋ ಸೂತ್ರ ಈಗಲೂ ಖರೇ: ಯಾವ ಗೇರ್‌ನ್ಯಾಗ ಏರ್ತೀರೋ ಅದೇ ಗೇರ್‌ನ್ಯಾಗ ಇಳೀರಿ. ಇಳುಕಲದಾಗ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸಾಕ ಹೋದ್ರ ಇಂಜಿನ್ ಹಿಡಿತ ತಪ್ಪತೈತಿ, ಎಲ್ಲಾ ಭಾರ ಬ್ರೇಕ್ ಮ್ಯಾಲೆ ಬಿದ್ದು ಬಿಸಿಯಾಗಿ ಹಿಡಿಯೋದನ್ನ ಬಿಡತೈತಿ. ಘಾಟ್ ಏರಿದ ಕೂಡಲೇ ಚಾವಿ ಆಫ್ ಮಾಡಬ್ಯಾಡ್ರಿ. ಒಂದೆರಡು ನಿಮಿಷ ಇಂಜಿನ್ ನಿಧಾನ ನಡೀಲಿ, ಟರ್ಬೋ ತಣ್ಣಗಾಗಬೇಕು.

ಇನ್ನ ನಮ್ಮ ಎರಿ ಭೂಮಿ. ಬೆಣ್ಣಿಹಳ್ಳ, ತುಪ್ಪರಿಹಳ್ಳದ ಸೀಮಿಯವರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ಕರಿ ಮಣ್ಣು ಒಣಗಿದಾಗ ಕಲ್ಲು, ಹಸಿ ಆದಾಗ ಅಂಟು. ಸೆಪ್ಟೆಂಬರ್, ಅಕ್ಟೋಬರ್‌ನ್ಯಾಗ ಉಳ್ಳಾಗಡ್ಡಿ ಕಿತ್ತು ಹಾಕಿದಾಗ ಮಳಿ ಬಂತಂದ್ರ ಹೊಲಕ್ಕ ಹೋದ ಗಾಡಿ ಹೊರಗ ಬರಂಗಿಲ್ಲ. ನಮ್ಮ ಪಿಕಪ್‌ಗಳಲ್ಲಿ ಬಹುಪಾಲು ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುತ್ತದೆ. ಖಾಲಿ ಇದ್ದಾಗ ಹಿಂದಿನ ಭಾಗ ಹಗುರ, ಚಕ್ರ ಹಿಡಿತ ಸಿಗದೆ ತಿರುಗ್ತಾವ. ಲೋಡ್ ಇದ್ದಾಗ ಹಿಡಿತ ಸಿಗತೈತಿ, ಆದ್ರ ಹೂಳತೈತಿ. ಮಹೀಂದ್ರಾ, ಟಾಟಾ ಎರಡೂ ಪಿಕಪ್‌ನ್ಯಾಗ ಫೋರ್ ವ್ಹೀಲ್ ಡ್ರೈವ್ ಮಾಡೆಲ್ ಮಾರಿದ್ದಾವ. ರೊಕ್ಕ ಜಾಸ್ತಿ, ಡೀಸೆಲ್ಲೂ ಜಾಸ್ತಿ. ವರ್ಷದಾಗ ಹತ್ತು ದಿನದ ಕೆಸರಿಗೆ ಅದು ಬೇಕಾ? ನನ್ನ ಲೆಕ್ಕದಾಗ ಬ್ಯಾಡ. ಹೊಲದಿಂದ ಡಾಂಬರ್ ರಸ್ತೆತನಕ ಟ್ರ್ಯಾಕ್ಟರ್, ಅಲ್ಲಿಂದ ಮಾರ್ಕೆಟ್‌ತನಕ ಪಿಕಪ್. ಎರಡು ಸಲ ಹೇರೋ ಹಮಾಲಿ ಹೋಗಬಹುದು, ಕ್ಲಚ್ ಉಳೀತೈತಿ.

ಸಿಗಿಬಿದ್ದ ಗಾಡಿ ಹೊರಗ ಜಗ್ಗೋದಾದ್ರ ಇಷ್ಟು ನೆನಪಿಡ್ರಿ. ಹಗ್ಗ ಕಟ್ಟೋದು ಕಂಪನಿ ಕೊಟ್ಟ ಕೊಂಡಿಗೆ. ಬಂಪರ್‌ಗೆ ಅಲ್ಲ, ಪಾಟಾಕ್ಕೂ ಅಲ್ಲ. ಒಮ್ಮೆಲೆ ಜರ್ಕ್ ಹೊಡಿಬ್ಯಾಡ್ರಿ. ಹಗ್ಗ ಬಿಗಿಯಾದ ಮ್ಯಾಲೆ ಆ ಸಾಲಿನ್ಯಾಗ ಯಾರೂ ನಿಂದರಬಾರದು. ಹರಿದ ಸರಪಳಿ ಗುಂಡಿನಂಗ ಹಾರತೈತಿ.

ಈಗ ಎರಡನೇ ಪ್ರಶ್ನೆ, ಕೈ ಕೊಡಂಗಿಲ್ಲ ಹೌದಿಲ್ಲೋ? ಎಲ್ಲಾ ಗಾಡಿನೂ ಒಂದಿಲ್ಲೊಂದು ದಿನ ನಿಂದರತೈತಿ. ನಿಂತದ್ದು ಮತ್ತ ಎಷ್ಟು ದಿನಕ್ಕ ಏಳತೈತಿ ಅನ್ನೋದರ ಮ್ಯಾಲೆ ಭರೋಸೆ ಐತಿ. ನಮ್ಮಣ್ಣನ ಗಾಡಿ ಒಮ್ಮೆ ಸುಗ್ಗಿಯೊಳಗ ಒಂಬತ್ತು ದಿನ ನಿಂತಿತ್ತು. ಇಂಜಿನ್ ಗಟ್ಟಿ ಇತ್ತು, ಒಂದು ಸಣ್ಣ ಸೆನ್ಸರ್ ಹೋಗಿತ್ತು, ಅದು ಸ್ಟಾಕ್ ಇರಲಿಲ್ಲ. ಕಂಪನಿ ಹೆಸರು ಬ್ಯಾಡ, ಯಾವ ಕಂಪನಿ ಗಾಡಿಗೂ ಆಗಬಹುದು. ಆ ಒಂಬತ್ತು ದಿನ ಬಾಡಿಗೆ ಬ್ಯಾರೆಯವರ ಪಾಲಾಯ್ತು.

ಅದರ ಬೆಲೆ ಎಷ್ಟು ನೋಡ್ರಿ. 8 ಲಕ್ಷ ಸಾಲ, ಶೇ. 11 ಬಡ್ಡಿ, ಐದು ವರ್ಷ ಅಂತ ಹಿಡಿದರೆ ತಿಂಗಳ ಕಂತು ಸುಮಾರು 17,400 ರೂಪಾಯಿ. ತಿಂಗಳಲ್ಲಿ 25 ದಿನ ಬಾಡಿಗೆ ಸಿಕ್ಕರೆ ದಿನಕ್ಕೆ 700 ರೂಪಾಯಿ ಕಂತಿಗೇ ಹೋಯ್ತು. 12 ದಿನ ಅಷ್ಟೇ ಸಿಕ್ಕರೆ ದಿನಕ್ಕೆ 1,450. ಡೀಸೆಲ್, ಟಾಯರ್, ಇನ್ಶೂರೆನ್ಸ್, ಡ್ರೈವರ್ ಊಟ ಎಲ್ಲಾ ಅದರ ಮ್ಯಾಲೆ. ಅದಕ್ಕ ಮೈಲೇಜ್ ಒಂದು ಕಿಲೋಮೀಟರ್ ಹೆಚ್ಚು ಕಡಿಮಿ ಅಂತ ಜಗಳಾಡೋಕ್ಕಿಂತ, ಬಿಡಿಭಾಗ ಹುಬ್ಬಳ್ಳಿಯಲ್ಲಿ ಅದೇ ದಿನ ಸಿಗತೈತೋ ಇಲ್ಲೋ ಕೇಳ್ರಿ. ಬೊಲೆರೊ ನಮ್ಮ ಕಡೆ ಗೆದ್ದಿದ್ದು ಇದರಾಗನ. ಅದೇ 2523 ಸಿಸಿ ಇಂಜಿನ್ ವರ್ಷಾನುಗಟ್ಟಲೆ ಬೊಲೆರೊ ಜೀಪ್‌ನ್ಯಾಗೂ ಓಡೈತಿ. ಕೈ ಹಚ್ಚೋ ಮೆಕ್ಯಾನಿಕ್ ಪ್ರತಿ ಊರಾಗ ಸಿಗ್ತಾನ.

ಆದ್ರ 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮ್ಯಾಲೆ ಆಟ ಸ್ವಲ್ಪ ಬದಲಾಗೈತಿ. ಹೊಸ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರ. ಗಾಡಿ ಒಂದೇ ವೇಗದಲ್ಲಿ ದೂರ ಓಡಿ ಬಿಸಿಯಾದಾಗ ಆ ಮಸಿ ತಾನೇ ಸುಡುತ್ತದೆ. ದಿನಾ ಊರಿಂದ ಹೊಲ, ಹೊಲದಿಂದ ಊರು ಅಂತ ಎರಡೆರಡು ಕಿಲೋಮೀಟರ್ ಓಡಿಸಿದ್ರ ಸುಡಂಗಿಲ್ಲ, ಕಟ್ಟಿಕೊಳ್ತೈತಿ. ಡ್ಯಾಶ್‌ಬೋರ್ಡ್ ಮ್ಯಾಲೆ ದೀಪ ಹತ್ತಿದ ದಿನಾನ ಹೆದ್ದಾರಿಗೆ ಒಯ್ದು ಓಡಿಸ್ರಿ, ಆರದಿದ್ರ ಸರ್ವಿಸ್‌ಗೆ ಒಯ್ರಿ. ಕೆಲವು ಗಾಡಿಗೆ ಡಿಇಎಫ್ ಅನ್ನೋ ದ್ರಾವಣನೂ ಹಾಕಬೇಕು. ಅದು ಶುದ್ಧ ನೀರಿನಲ್ಲಿ ಶೇ. 32.5ರಷ್ಟು ಶುದ್ಧ ಯೂರಿಯಾ. ಹೊಲಕ್ಕ ಹಾಕೋ ಯೂರಿಯಾ ಗೊಬ್ಬರ ಕರಗಿಸಿ ಸುರುವಿದ್ರ ಆ ಇಡೀ ವ್ಯವಸ್ಥೆ ಹಾಳು. ಡ್ರಮ್ಮಿನ್ಯಾಗ ಇಟ್ಟ ಹಳೇ ಡೀಸೆಲ್ಲೂ ಹಾಕಬ್ಯಾಡ್ರಿ. ಒಂದು ಹನಿ ನೀರು ಇಂಜೆಕ್ಟರ್‌ಗೆ ವಿಷ. ಏರ್ ಫಿಲ್ಟರ್ ಬೇಸಿಗಿಯ ಕರಿ ಧೂಳಿನ್ಯಾಗ ಪುಸ್ತಕದಾಗ ಬರೆದಿದ್ದಕ್ಕಿಂತ ಮೊದಲ ತುಂಬತೈತಿ.

ಒಂದು ಗಂಭೀರ ಮಾತು. ಓವರ್‌ಲೋಡ್. 34 ಚೀಲದ ಗಾಡಿಗೆ 60 ಚೀಲ ಹಾಕಿ "ನಮ್ಮ ಗಾಡಿ ಜಗ್ಗಿತು ನೋಡಲೇ" ಅಂತ ಸ್ಟೇಟಸ್ ಹಾಕ್ತೀರಿ. ಜಗ್ಗತೈತಿ, ಖರೇ. ನಿಲ್ಲಂಗಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಓವರ್‌ಲೋಡ್ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000. ದಂಡಕ್ಕಿಂತ ದೊಡ್ಡದು ಜೀವ. ಮೆಣಸಿನಕಾಯಿ ಬಿಡಿಸಾಕ ಹೋಗೋ ಹೆಣ್ಣಾಳುಗಳನ್ನ ಹಿಂದ ನಿಲ್ಲಿಸಿಕೊಂಡು ಹೋಗೋದು ನಮ್ಮ ಕಡೆ ದಿನದ ನೋಟ. ಅದು ಸರಕು ಸಾಗಾಟದ ಗಾಡಿ. ಪಲ್ಟಿ ಆದ್ರ ಇನ್ಶೂರೆನ್ಸ್ ಕಂಪನಿ ಕೈ ಎತ್ತತೈತಿ, ಪರಿಹಾರ ಮಾಲೀಕನ ತಲಿ ಮ್ಯಾಲೆ ಬರತೈತಿ. ಹೋದ ಜೀವಕ್ಕ ಪರಿಹಾರನೂ ಇಲ್ಲ. ಬಾಡಿಗೆ ಹೋದ್ರ ಹೋಗಲಿ, ಆ ಕೆಲಸ ಒಪ್ಪಬ್ಯಾಡ್ರಿ.

ಲೈಸೆನ್ಸ್ ಬಗ್ಗೆ ಭಾಳ ಮಂದಿ ಕೇಳ್ತಾರ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ಪಷ್ಟಪಡಿಸಿದೆ. 7500 ಕೆಜಿ ಒಳಗಿನ ಸರಕು ವಾಹನ ಓಡಿಸಲು ಎಲ್‌ಎಂವಿ ಲೈಸೆನ್ಸ್ ಸಾಕು. ನಾನು ಇವತ್ತು ಹೆಸರು ಹೇಳಿದ ಗಾಡಿ ಎಲ್ಲಾ ಅದರೊಳಗ ಬರ್ತಾವ.

ಹಂಗಾದ್ರ ಯಾವುದು ತಗೋಬೇಕು? ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗ ಬಿಟ್ಟಿದ್ದು.

ಕುಂದಗೋಳದವರು ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಒಯ್ಯೋದಾದ್ರ ಬಾಡಿ ಉದ್ದ ನೋಡ್ರಿ. ಒಣ ಮೆಣಸಿನಕಾಯಿ ಹಗುರ, ತೂಕಕ್ಕಿಂತ ಮೊದಲ ಜಾಗ ಮುಗೀತೈತಿ. ಒಂಬತ್ತು ಅಡಿಗಿಂತ ಹತ್ತು ಅಡಿ ಬಾಡಿ ಚಲೋ. ಎತ್ತರ ಒಟ್ಟಿದ್ರ ತಿರುವಿನ್ಯಾಗ ವಾಲತೈತಿ. ನವಲಗುಂದ, ಅಣ್ಣಿಗೇರಿಯ ಕಡಲಿ, ಉಳ್ಳಾಗಡ್ಡಿ ಬಾಡಿಗೆಗೆ 1.7 ಟನ್ನಿನಿಂದ ಎರಡು ಟನ್ನಿನ ಗಾಡಿ, ಹತ್ತಿರದಾಗ ಮೆಕ್ಯಾನಿಕ್ ಇರೋ ಕಂಪನಿದು. ಕಲಘಟಗಿಯಿಂದ ಘಾಟ್ ಇಳಿಯೋರಿಗೆ ಟಾರ್ಕ್ ಜಾಸ್ತಿ ಇರೋ ಇಂಜಿನ್. ಊರಾಗ ಕಿರಾಣಿ, ಹಾಲು, ಸಿಮೆಂಟಿನ ಸಣ್ಣ ಬಾಡಿಗೆ ಅಷ್ಟೇ ಇದ್ರ ಇಂಟ್ರಾ, ದೋಸ್ತ್ ಸಾಕು. ದೊಡ್ಡ ಗಾಡಿಯ ಕಂತು ಸಣ್ಣ ಬಾಡಿಗೆಯಿಂದ ಹುಟ್ಟಂಗಿಲ್ಲ. ಸೆಕೆಂಡ್ ಹ್ಯಾಂಡ್ ನೋಡೋರು ವರ್ಷ ಎಣಿಸ್ರಿ. ಎಂಟು ವರ್ಷದತನಕ ಎರಡು ವರ್ಷಕ್ಕೊಮ್ಮೆ ಪಾಸಿಂಗ್, ಆಮ್ಯಾಲೆ ಪ್ರತಿ ವರ್ಷ.

ಬುಕಿಂಗ್ ರೊಕ್ಕ ಕೊಡೋ ಮೊದಲು ಒಂದು ಕೆಲಸ ಮಾಡ್ರಿ. ನಿಮ್ಮ ಊರಾಗ ಅದೇ ಗಾಡಿ ಮೂರು ವರ್ಷ ಓಡಿಸಿದ ಇಬ್ಬರ ಹತ್ತಿರ ಹೋಗ್ರಿ. "ಚಲೋ ಐತೇನು?" ಅಂತ ಕೇಳಬ್ಯಾಡ್ರಿ, ಎಲ್ಲಾರೂ ತಮ್ಮ ಗಾಡಿ ಚಲೋ ಅಂತಾರ. "ಹೋದ ವರ್ಷ ಎಷ್ಟು ದಿನ ನಿಂತಿತ್ತು, ಯಾವ ಪಾರ್ಟಿಗೆ, ಎಷ್ಟು ಖರ್ಚಾತು?" ಅಂತ ಕೇಳ್ರಿ. ಸಿಕ್ಕ ಉತ್ತರ ನನಗೂ ವಾಯ್ಸ್ ಮೆಸೇಜ್ ಮಾಡ್ರಿ, ತಾಲೂಕು, ಗಾಡಿ ಹೆಸರು, ನಿಂತ ದಿನ ಮೂರೂ ಹೇಳಿ. ಮುಂದಿನ ಸಂಚಿಕೆಯಲ್ಲಿ ಅದನ್ನ ಇಟ್ಟುಕೊಂಡು ಕೂಡೋಣು. ಅಲ್ಲಿತನಕ ನಿಧಾನ ಓಡಿಸ್ರಿ. ಶರಣು.