ಕೃಷ್ಣರಾಜಪುರದ ದೂರವಾಣಿ ಕಾರ್ಖಾನೆಯೂ ಗ್ರಾಮವಾಸಿಗಳೂ

(ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಮಾಡಿದ ಉಪನ್ಯಾಸ)



ಬೆಂಗಳೂರು ದಂಡಿನ ಹಲಸೂರಿನಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಪೂರ್ವಕ್ಕೆ ಹೋಗುವವರು ಇಂದಿರಾನಗರ, ಬೈಯಪ್ಪನಹಳ್ಳಿಗಳನ್ನು ದಾಟಿ ಕೃಷ್ಣರಾಜಪುರವನ್ನು ಸೇರುತ್ತಾರೆ. ಈ ದಾರಿಯ ಎರಡು ಕಡೆಗಳಲ್ಲಿಯೂ ಹಿಂದೆ ರಾಗಿ, ಹುರುಳಿ, ಅವರೆಗಳ ಹೊಲಗಳೂ ಕೆರೆಯ ಕೆಳಗಣ ತೋಟಗಳೂ ಇದ್ದುವು. ಸುತ್ತಣ ಹಳ್ಳಿಗಳ ಸೊಪ್ಪು ತರಕಾರಿಗಳು ದಂಡಿನ ಪೇಟೆಗೂ, 1933ರಲ್ಲಿ ತೆರೆದ ರಸ್ಸೆಲ್ ಮಾರ್ಕೆಟ್ಟಿಗೂ ಗಾಡಿಗಳ ಮೇಲೆ ಹೋಗುತ್ತಿದ್ದುವು. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ವಿಮಾನದ ಕಾರ್ಖಾನೆಯನ್ನು ಈ ಭಾಗದಲ್ಲಿಯೇ ಸ್ಥಾಪಿಸಿದರು. 1947ರಲ್ಲಿ ದಂಡಿನ ಪ್ರದೇಶವು ಬ್ರಿಟಿಷರ ಆಡಳಿತದಿಂದ ಮೈಸೂರಿಗೆ ಹಿಂದಿರುಗಿತು. ಮರುವರ್ಷ, ಎಂದರೆ 1948ರಲ್ಲಿ, ಕೃಷ್ಣರಾಜಪುರದ ಬಳಿ ಭಾರತೀಯ ದೂರವಾಣಿ ಕಾರ್ಖಾನೆಯು ಆರಂಭವಾಯಿತು. ಐ.ಟಿ.ಐ. ಎಂದು ಜನರು ಕರೆಯುವುದು ಇದನ್ನೇ. ಸ್ವತಂತ್ರ ಭಾರತದ ಸರ್ಕಾರವು ಸ್ಥಾಪಿಸಿದ ಉದ್ಯಮಗಳಲ್ಲಿ ಇದು ಮೊತ್ತಮೊದಲನೆಯದು. ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರವೆಂದೇ ಹೆಸರಾಯಿತು.

ಹೊಲಗಳಿದ್ದ ಸೀಮೆಯಲ್ಲಿ ಕಾರ್ಖಾನೆ ಎದ್ದಿತು. ಇದರಿಂದ ಹಳ್ಳಿಗೆ ಬಂದುದೇನು? ಈ ಪ್ರಶ್ನೆಯು ಸಹಜವಾದುದು, ನ್ಯಾಯವಾದುದು. ಕೂಲಿ, ಸಂಬಳ, ಶಾಲೆ, ಆಸ್ಪತ್ರೆ, ಅಂಗಡಿ ಸಾಲು ಎಂದು ಕೆಲವರು ಉತ್ತರ ಹೇಳುವರು. ಆ ಉತ್ತರ ಸುಳ್ಳಲ್ಲ. ಆದರೆ ಅಷ್ಟೇ ಆದರೆ ಯಾವ ಕಾರ್ಖಾನೆಯಾದರೂ ಒಂದೇ. ರಾಜ್ಯವು ಪ್ರಜೆಗಳ ಕಂದಾಯದ ಹಣವನ್ನು ವಿಜ್ಞಾನಕ್ಕೂ ಯಂತ್ರಗಳಿಗೂ ಸುರಿಯುವಾಗ, ಆ ವಿದ್ಯೆಯು ಹಳ್ಳಿಯ ಬಾಗಿಲಿಗೆ ಬರುವುದೇ, ಬಂದರೆ ಯಾವ ದಾರಿಯಿಂದ ಬರುವುದು ಎಂಬುದನ್ನೇ ಇಲ್ಲಿ ವಿಚಾರಿಸತಕ್ಕದ್ದು.

ಬೇಸಾಯಗಾರರಿಗೆ ಪರಿಚಿತವಾದ ಒಂದು ನಿದರ್ಶನದಿಂದ ತೊಡಗುವುದು ಲೇಸು. ಮಲೆನಾಡಿನ ಅಡಕೆ ತೋಟಗಳನ್ನು ಕೊಳೆರೋಗವು ಬಹುಕಾಲದಿಂದ ಹಾಳುಮಾಡುತ್ತಿತ್ತು. ಕೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದೇ ರೈತರಿಗೆ ತಿಳಿದಿದ್ದ ಉಪಾಯ. ಕೆನಡಾ ದೇಶದವರಾದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರು 1908ರಲ್ಲಿ ಮೈಸೂರಿಗೆ ಬಂದು, ಈ ರೋಗವು ಒಂದು ಬಗೆಯ ಬೂಷ್ಟಿನಿಂದ ಬರುವುದೆಂದು ಪರೀಕ್ಷಿಸಿ ತೋರಿಸಿದರು. ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಿಂದಲೇ ಬಳಕೆಯಲ್ಲಿದ್ದಿತು. ಅದನ್ನು ಇಲ್ಲಿಗೆ ತಂದು ಸಿಂಪಡಿಸಿದರೆ ಕೆಲಸ ಮುಗಿಯಿತೆಂದು ಯಾರಿಗಾದರೂ ತೋರೀತು. ಆದರೆ ಫ್ರಾನ್ಸಿನ ಮಳೆಯೆಲ್ಲಿ, ಆಗುಂಬೆಯ ಮಳೆಯೆಲ್ಲಿ? ಬಿಟ್ಟೂಬಿಡದೆ ಸುರಿಯುವ ಮಳೆಯಲ್ಲಿಯೂ ಔಷಧವು ಕಾಯಿಗೆ ಅಂಟಿಕೊಂಡಿರುವಂತೆ ರಾಳವನ್ನೂ ಸೋಡವನ್ನೂ ಕಾಯಿಸಿ ಅದಕ್ಕೆ ಬೆರಸುವ ಕ್ರಮವನ್ನು ರೂಢಿಗೆ ತರಬೇಕಾಯಿತು. ಎತ್ತರದ ಮರವನ್ನೇರಿ ಸಿಂಪಡಿಸುವ ಬಗೆಯನ್ನೂ, ಮಳೆಗಾಲಕ್ಕೆ ಮೊದಲು ಒಮ್ಮೆ, ಸುಮಾರು ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಮ್ಮೆ ಎಂಬ ಕಾಲವನ್ನೂ ನಿಶ್ಚಯಿಸಬೇಕಾಯಿತು. ಮೂಲವಿದ್ಯೆಯು ಹೊರಗಿನದು, ಅದು ಮಲೆನಾಡಿನಲ್ಲಿ ಫಲಿಸಿದ್ದು ಈ ನಡುವಣ ಕೆಲಸದಿಂದ. ಪರಸ್ಥಳದ ವಿದ್ಯೆಯನ್ನು ಸ್ವಸ್ಥಳಕ್ಕೆ ಒಗ್ಗಿಸುವ ಈ ಕೆಲಸಕ್ಕೆ ಹೆಸರೂ ಕಡಮೆ, ಸರ್ಕಾರದ ಆಯವ್ಯಯದಲ್ಲಿ ಹಣವೂ ಕಡಮೆ.

ಈಗ ದೂರವಾಣಿನಗರಕ್ಕೆ ಬರೋಣ. ಆರಂಭದಲ್ಲಿ ಕಾರ್ಖಾನೆಯವರು ಇಂಗ್ಲೆಂಡಿನ ಲಿವರ್‌ಪೂಲಿನ ಒಂದು ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡು, ಸ್ಟ್ರೌಜರ್ ಎಂಬ ಮಾದರಿಯ ಸಲಕರಣೆಗಳನ್ನು ಸಿದ್ಧಪಡಿಸತೊಡಗಿದರು. ಕರೆ ಮಾಡುವವನು ಒಂದೊಂದು ಅಂಕಿಯನ್ನು ತಿರುಗಿಸಿದಂತೆಲ್ಲ ಒಳಗಿನ ತೋಳೊಂದು ಮೆಟ್ಟಲು ಮೆಟ್ಟಲಾಗಿ ಏರಿ, ಬೇಕಾದ ತಂತಿಯನ್ನು ಮುಟ್ಟುವುದು ಅದರ ರೀತಿ. ಮೊದಮೊದಲು ಭಾಗಗಳು ಹಡಗಿನಲ್ಲಿ ಬಂದುವು. ಇಲ್ಲಿ ಜೋಡಣೆ ಮಾತ್ರ. ಕ್ರಮೇಣ ಭಾಗಗಳನ್ನೂ ಇಲ್ಲಿಯೇ ಮಾಡುವುದನ್ನು ಕೆಲಸಗಾರರು ಕಲಿತರು. ಇದು ದೊಡ್ಡ ಗಳಿಕೆಯೇ ಸರಿ. ಆದರೆ ಯಂತ್ರದ ಮೂಲ ನಕ್ಷೆಯು ಮಾತ್ರ ಪರದೇಶದವರ ಕೈಯಲ್ಲಿಯೇ ಉಳಿಯಿತು.

ಇದರ ಫಲವು 1964ರ ಬಳಿಕ ತಿಳಿದುಬಂದಿತು. ಆ ವರ್ಷ ಬೆಲ್ಜಿಯಮ್ ದೇಶದ ಕಂಪೆನಿಯೊಂದರಿಂದ ಕ್ರಾಸ್‌ಬಾರ್ ಎಂಬ ಹೊಸ ಮಾದರಿಯನ್ನು ಪಡೆಯಲಾಯಿತು. ಯೂರೋಪಿನಲ್ಲಿ ಅದು ಚೆನ್ನಾಗಿ ನಡೆಯುತ್ತಿದ್ದಿತು. ಅಲ್ಲಿ ಮನೆಮನೆಗೂ ದೂರವಾಣಿ ಇದ್ದುದರಿಂದ ಒಂದೊಂದರಲ್ಲಿ ನಡೆಯುವ ಮಾತು ಸ್ವಲ್ಪ. ಇಲ್ಲಿಯಾದರೋ ಬೀದಿಗೆ ಒಂದು, ಮಂಡಿಗೆ ಒಂದು. ನೆರೆಹೊರೆಯವರೆಲ್ಲರೂ ಅದನ್ನೇ ಹುಡುಕಿಕೊಂಡು ಬರುವವರು. ಒಂದು ಮನೆಗೆಂದು ತೋಡಿದ ಬಾವಿಗೆ ಊರೆಲ್ಲ ಹಗ್ಗ ಬಿಟ್ಟಂತಾಯಿತು. ನಗರಗಳಲ್ಲಿ ಆ ಯಂತ್ರಗಳು ಭಾರವನ್ನು ತಾಳಲಾರದೆ ಮೇಲಿಂದ ಮೇಲೆ ತೊಂದರೆ ಕೊಟ್ಟುವು. ದೇಶದ ಇಂಜಿನಿಯರುಗಳು ವರ್ಷಗಟ್ಟಲೆ ದುಡಿದು ಅದನ್ನು ಇಲ್ಲಿಯ ಬಳಕೆಗೆ ತಕ್ಕಂತೆ ತಿದ್ದಬೇಕಾಯಿತು. ಕೊಳ್ಳುವ ಮುನ್ನ ಇಲ್ಲಿಯ ಒಂದು ಪೇಟೆಯಲ್ಲಿ ಒಂದೆರಡು ವರ್ಷ ನಡೆಸಿ ನೋಡಿದ್ದರೆ ಈ ಕಷ್ಟದಲ್ಲಿ ಅರ್ಧವಾದರೂ ತಪ್ಪುತ್ತಿದ್ದಿತೆಂದು ಹೇಳಿದರೆ ತಪ್ಪಾಗಲಾರದು. ಹೊಸ ತಳಿಯ ಬಿತ್ತನೆಯನ್ನು ಮೊದಲ ವರ್ಷವೇ ಹೊಲಕ್ಕೆಲ್ಲ ಚೆಲ್ಲುವ ರೈತನನ್ನು ಊರಿನವರು ಜಾಣನೆನ್ನುವುದಿಲ್ಲವಷ್ಟೆ.

ಅಷ್ಟರಲ್ಲಿ ಹಳ್ಳಿಗಳ ಪಾಡೇನು? ಹೊರದೇಶಗಳ ಹೊಸ ವಿದ್ಯುನ್ಮಾನ ವಿನಿಮಯ ಕೇಂದ್ರಗಳು ಸಾವಿರಾರು ಗಿರಾಕಿಗಳಿರುವ ಪಟ್ಟಣಗಳಿಗಾಗಿ ಮಾಡಿದವು. ಅವುಗಳಿಗೆ ತಂಪು ಮಾಡಿದ ಕೋಣೆಯೂ ತಡೆಯಿಲ್ಲದ ವಿದ್ಯುತ್ತೂ ಬೇಕು. ನೂರು ಮನೆಗಳಲ್ಲಿ ಹತ್ತು ಮಂದಿ ದೂರವಾಣಿ ಕೇಳುವ, ಬೇಸಗೆಯಲ್ಲಿ ಹೆಂಚು ಕಾಯುವ, ದಿನಕ್ಕೆ ಹಲವು ಬಾರಿ ವಿದ್ಯುತ್ತು ಹೋಗುವ ಊರಿಗೆ ತಕ್ಕ ಯಂತ್ರವನ್ನು ಯಾರೂ ಮಾಡಿರಲಿಲ್ಲ. ಮಾಡುವುದರಿಂದ ಅವರಿಗೆ ಲಾಭವೂ ಇರಲಿಲ್ಲ.

1984ರಲ್ಲಿ ಭಾರತ ಸರ್ಕಾರದವರು ಸಿ-ಡಾಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೂವತ್ತಾರು ತಿಂಗಳು, ಮೂವತ್ತಾರು ಕೋಟಿ ರೂಪಾಯಿ ಎಂಬುದು ಅದಕ್ಕೆ ಕೊಟ್ಟ ಗಡುವು ಮತ್ತು ಹಣ. ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಕೆಲಸ ನಡೆಯಿತು. ಶ್ರೀ ಸ್ಯಾಮ್ ಪಿತ್ರೋಡ ಮತ್ತು ಶ್ರೀ ಜಿ. ಬಿ. ಮೀಮಾಂಸಿ ಮೊದಲಾದವರು ಮುಂದೆ ನಿಂತರು. ದುಡಿದವರಲ್ಲಿ ಹೆಚ್ಚಿನವರು ಇನ್ನೂ ಎಳೆಯರು. ಅವರು ಹಳ್ಳಿಯ ಕೋಣೆಯನ್ನೇ ಮೊದಲು ಮನಸ್ಸಿನಲ್ಲಿಟ್ಟುಕೊಂಡು ಯಂತ್ರವನ್ನು ಕಲ್ಪಿಸಿದರು. ಕಡಮೆ ವಿದ್ಯುತ್ತನ್ನು ತಿನ್ನುವ, ಆದುದರಿಂದ ಕಡಮೆ ಬಿಸಿಯಾಗುವ ಭಾಗಗಳನ್ನು ಆರಿಸಿದರು. ತಂಪು ಮಾಡುವ ಯಂತ್ರದ ಹಂಗಿಲ್ಲದೆಯೇ ಕೆಲಸ ಸಾಗುವಂತೆ ಮಾಡಿದರು. 128 ತಂತಿಗಳ ಈ ಗ್ರಾಮ ವಿನಿಮಯ ಕೇಂದ್ರವನ್ನು 1986ರಲ್ಲಿ ಮೊದಲು ನೆಟ್ಟುದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರು ಹೀಗೆ ಮತ್ತೊಂದು ಕಾರಣಕ್ಕೂ ನೆನಪಿನಲ್ಲಿ ಉಳಿಯತಕ್ಕದ್ದಾಯಿತು. ಆ ನಕ್ಷೆಯನ್ನು ಸಂಸ್ಥೆಯವರು ಬಚ್ಚಿಡದೆ ಐ.ಟಿ.ಐ. ಮುಂತಾದ ಹಲವು ತಯಾರಕರಿಗೆ ಕೊಟ್ಟರು. ಮುಂದಿನ ವರ್ಷಗಳಲ್ಲಿ ಇಂಥ ಕೇಂದ್ರಗಳು ಸಾವಿರಗಟ್ಟಲೆಯಾಗಿ ದೇಶದ ಹಳ್ಳಿಗಳಲ್ಲಿ ನಿಂತುವು. ಹೋಬಳಿ ಊರುಗಳಲ್ಲಿ ಹಳದಿ ಹಲಗೆಯ ಎಸ್.ಟಿ.ಡಿ. ಅಂಗಡಿಗಳು ಕಾಣಿಸಿಕೊಂಡುವು. ಆಲೂಗೆಡ್ಡೆಯನ್ನೋ ಟೊಮೇಟೊವನ್ನೋ ಲಾರಿಗೆ ತುಂಬುವ ಮೊದಲೇ ಬೆಂಗಳೂರಿನ ಮಂಡಿಯ ದರವನ್ನು ಕೇಳಿ ತಿಳಿಯುವುದು ಬೆಳೆಗಾರನಿಗೆ ಸಾಧ್ಯವಾಯಿತು. ದರ ತಿಳಿಯದೆ ಮಾರುವವನಿಗೂ ತಿಳಿದು ಮಾರುವವನಿಗೂ ಇರುವ ಅಂತರವನ್ನು ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಪಟ್ಟಣಗಳ ದೊಡ್ಡ ಕೇಂದ್ರವು ಗಡುವಿನೊಳಗೆ ಸಿದ್ಧವಾಗಲಿಲ್ಲ. ಅದಕ್ಕಾಗಿ ಸಂಸ್ಥೆಯು ಬಹಳ ಟೀಕೆಗೆ ಗುರಿಯಾಯಿತು. 1991ರ ಬಳಿಕ ಹೊರಗಿನ ಸರಕಿಗೆ ಬಾಗಿಲು ತೆರೆಯಿತು. 1995ರಲ್ಲಿ ಜೇಬಿನ ದೂರವಾಣಿಯು ದೇಶಕ್ಕೆ ಬಂದಾಗ ಅದರ ಸಲಕರಣೆಗಳು ಪರದೇಶದಿಂದಲೇ ಬಂದುವು. ತಂತಿಯ ಯಂತ್ರದಲ್ಲಿ ಗಳಿಸಿದ್ದ ಕೈಚಳಕವನ್ನು ತಂತಿಯಿಲ್ಲದ ಯಂತ್ರಕ್ಕೆ ಸಕಾಲದಲ್ಲಿ ತಿರುಗಿಸಲಿಲ್ಲ. ಸರ್ಕಾರವೊಂದನ್ನೇ ಗಿರಾಕಿಯಾಗಿ ನೆಚ್ಚಿದ್ದ ದೂರವಾಣಿನಗರದ ಕಾರ್ಖಾನೆಯು ನಷ್ಟಕ್ಕೆ ಬಿದ್ದಿತು. 2014ರಲ್ಲಿ ಅದನ್ನು ಎತ್ತಿ ನಿಲ್ಲಿಸಲು ನಾಲ್ಕು ಸಾವಿರ ಕೋಟಿ ರೂಪಾಯಿಗಳಿಗೂ ಮೀರಿದ ನೆರವನ್ನು ಮಂಜೂರು ಮಾಡಬೇಕಾಯಿತು. ಕಿತ್ತೂರಿನ ಕೇಂದ್ರ ನಿಂತ ಅದೇ 1986ರಲ್ಲಿಯೇ ಕೊರಿಯಾ ದೇಶದವರು ತಮ್ಮ ಸ್ವಂತ ವಿನಿಮಯ ಕೇಂದ್ರವನ್ನು ಸಣ್ಣ ಊರುಗಳಲ್ಲಿ ತೊಡಗಿಸಿದ್ದರು. ಅವರು ನಡುವೆ ಕೈಬಿಡದೆ ಅದರಿಂದ ಜೇಬಿನ ದೂರವಾಣಿಯವರೆಗೂ ನಡೆದರು. ಇಲ್ಲಿ ಆ ಎಳೆಯು ಬಹುಮಟ್ಟಿಗೆ ಕಡಿಯಿತು. ಸಿ-ಡಾಟ್, ಬೆಂಗಳೂರಿನ ತೇಜಸ್ ಮತ್ತು ಟಿ.ಸಿ.ಎಸ್. ಸಂಸ್ಥೆಗಳು ಸೇರಿ ಸಿದ್ಧಪಡಿಸಿದ ಸ್ವದೇಶದ ನಾಲ್ಕನೆಯ ತಲೆಮಾರಿನ ಜಾಲವು 2025ರ ಸೆಪ್ಟೆಂಬರಿನಲ್ಲಿ ಲೋಕಾರ್ಪಣೆಯಾಯಿತು. ಕಡಿದ ಎಳೆಯನ್ನು ಮರಳಿ ಗಂಟು ಹಾಕಲು ಮೂವತ್ತು ವರ್ಷ ಹಿಡಿಯಿತೆಂದು ಲೆಕ್ಕ.

ಘೋಷಣೆಗಳಿಗೆ ಕೊರತೆಯಿರಲಿಲ್ಲ. 1958ರಲ್ಲಿ ವಿಜ್ಞಾನ ನೀತಿಯ ನಿರ್ಣಯ, 1983ರಲ್ಲಿ ತಂತ್ರಜ್ಞಾನ ನೀತಿಯ ಹೇಳಿಕೆ, 2013ರಲ್ಲಿ ಮತ್ತೊಂದು ನೀತಿ ಹೊರಟುವು. 1983ರ ಹೇಳಿಕೆಯಲ್ಲಿ ಹೊರಗಿನ ತಂತ್ರವನ್ನು ಅರಗಿಸಿಕೊಂಡು ಇಲ್ಲಿಗೆ ಹೊಂದಿಸಬೇಕೆಂಬ ಮಾತೇ ಇದೆ. ಆದರೆ 2020-21ರಲ್ಲಿ ದೇಶದ ಒಟ್ಟು ಉತ್ಪನ್ನದ ನೂರು ರೂಪಾಯಿಗಳಲ್ಲಿ ಸಂಶೋಧನೆಗೆ ಹೋದುದು ಅರುವತ್ತನಾಲ್ಕು ಪೈಸೆ ಮಾತ್ರ. ಕೊರಿಯಾದಲ್ಲಿ ಅದು ನಾಲ್ಕು ರೂಪಾಯಿಗಳಿಗೂ ಹೆಚ್ಚು. ಬಿತ್ತನೆಗೆ ಮೀಸಲಿಡುವ ಕಾಳಿನಲ್ಲಿ ಜಿಪುಣತನ ಮಾಡಿ ಸುಗ್ಗಿಯನ್ನು ಹಿರಿದಾಗಿ ನಿರೀಕ್ಷಿಸುವುದು ಯಾವ ಲೆಕ್ಕ?

ರಾಗಿಯ ವಿಷಯದಲ್ಲಿ ಈ ಸೀಮೆಯವರು ಭಾಗ್ಯವಂತರು. ಆಫ್ರಿಕದ ರಾಗಿಯ ತೆನೆ ದಪ್ಪ. ಆದರೆ ಇಲ್ಲಿಯ ಮಳೆಯ ಕಾಲಕ್ಕೆ ಅದು ಒಗ್ಗದು. ಮಂಡ್ಯದ ವಿ. ಸಿ. ಫಾರಮಿನಲ್ಲಿ ಶ್ರೀ ಲಕ್ಷ್ಮಣಯ್ಯನವರು ಅದನ್ನು ನಾಡ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಹೊರತಂದರು; ‘ರಾಗಿ ಲಕ್ಷ್ಮಣಯ್ಯ’ ಎಂದೇ ಅವರು ಹೆಸರಾದರು. ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಿಂದ ಬೆಂಕಿ ರೋಗವನ್ನು ತಾಳುವ ಜಿ.ಪಿ.ಯು.-28 ಬಂದಿತು. ಹೆಸರಿಲ್ಲದೆ ನಡೆಯುವ ಒಗ್ಗಿಸುವ ಕೆಲಸವೆಂದರೆ ಇದೇ.

ಈಗ ಹೊಲದ ಮೇಲೆ ಹಾರುತ್ತ ಔಷಧ ಸಿಂಪಡಿಸುವ ಡ್ರೋನುಗಳೂ, ಮಣ್ಣಿನ ತೇವವನ್ನು ಅಳೆಯುವ ಸಾಧನಗಳೂ ಮಾರಾಟಕ್ಕೆ ಬರುತ್ತಿವೆ. ಗ್ರಾಮದ ಮುಖಂಡರು ಅವುಗಳನ್ನು ಬೇಡವೆನ್ನಬೇಕಾಗಿಲ್ಲ. ಇದನ್ನು ಎಂಥ ಮಣ್ಣಿನಲ್ಲಿ, ಎಷ್ಟು ಮಳೆಯ ಸೀಮೆಯಲ್ಲಿ, ಎಷ್ಟು ವರ್ಷ ಪರೀಕ್ಷಿಸಿದೆ, ಕೆಟ್ಟರೆ ರಿಪೇರಿ ಮಾಡುವವರು ಎಲ್ಲಿದ್ದಾರೆ ಎಂದು ಮಾರುವವನನ್ನು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳತಕ್ಕದ್ದು. ಹೊಸ ತಳಿಯನ್ನೋ ವಿಧಾನವನ್ನೋ ರೈತರ ಹೊಲದಲ್ಲಿಯೇ ಪರೀಕ್ಷಿಸುವುದು ಕೃಷಿ ವಿಜ್ಞಾನ ಕೇಂದ್ರಗಳ ಗೊತ್ತಾದ ಕರ್ತವ್ಯಗಳಲ್ಲೊಂದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕೇಂದ್ರವು ದೊಡ್ಡಬಳ್ಳಾಪುರ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿದೆ. ಊರಿಗೆ ಒಬ್ಬ ಹಿಡುವಳಿದಾರರು ನಾಲ್ಕೈದು ಗುಂಟೆಯನ್ನು ಇಂಥ ಪರೀಕ್ಷೆಗೆ ಬಿಟ್ಟುಕೊಟ್ಟರೆ ಉಳಿದವರ ಹತ್ತಾರು ಎಕರೆ ಅಪಾಯದಿಂದ ಪಾರಾಗುವುದು. ಬೆಳೆ ಚೆನ್ನಾಗಿ ಬಂದರೆ ಹೇಗೂ ಎಲ್ಲರೂ ನೋಡುತ್ತಾರೆ. ಕೆಟ್ಟರೆ ಅದನ್ನು ಮುಚ್ಚಿಡದೆ ಕೇಂದ್ರದವರಿಗೆ ತಿಳಿಸುವುದೇ ಮುಖ್ಯ.

ಅಷ್ಟು ದೂರ ಹೋಗಲಾಗದವರಿಗೆ ದೂರವಾಣಿಯೇ ಇದೆ. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ ಸಂಖ್ಯೆ 1800-180-1551. ಕರೆಗೆ ಹಣ ಬೀಳುವುದಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಕರೆ ಮಾಡುವ ಮೊದಲು ತಳಿಯ ಹೆಸರು, ಬಿತ್ತಿದ ದಿನ, ಹಾಕಿದ ಗೊಬ್ಬರ, ಕಡೆಯ ಮಳೆ ಬಿದ್ದ ದಿನ, ರೋಗವು ಮೊದಲು ಕಂಡದ್ದು ಎಲೆಯಲ್ಲಿಯೋ ತೆನೆಯಲ್ಲಿಯೋ ಎಂಬುದು, ಇಷ್ಟನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡಿರಬೇಕು.