ಖಾಸಗಿ ಎಂಬ ಮಾತು

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)



ನಾನು ಆರನೆಯದೋ ಏಳನೆಯದೋ ಇಯತ್ತೆಯಲ್ಲಿ ಓದುತ್ತಿದ್ದಾಗ ಅರಕೇರಾದ ನಮ್ಮ ಓಣಿಯಲ್ಲಿ ನನಗೊಂದು ಉದ್ಯೋಗವಿತ್ತು. ಅದಕ್ಕೆ ಸಂಬಳ ಒಂದು ಹಿಡಿ ಪುಟಾಣಿ, ಒಮ್ಮೊಮ್ಮೆ ಅದರ ಜೊತೆಗೆ ಬೆಲ್ಲದ ಚೂರು. ದುಡಿಯಲು ದೂರದೂರಿಗೆ ಗುಳೆ ಹೋದವರು ಯಾರಿಂದಲೋ ಬರೆಯಿಸಿ ಕಳಿಸಿದ ಕಾಗದಗಳನ್ನು ಅವರ ಮನೆಯವರಿಗೆ ಓದಿ ಹೇಳುವುದೇ ಆ ಉದ್ಯೋಗ. ನಮ್ಮ ಎದುರು ಮನೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಓಣಿಯ ಹುಡುಗರೆಲ್ಲ ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದೆವು. ಟಪಾಲಿನವನು ಕಾಗದ ಕೊಟ್ಟು ಹೋದ ಕೂಡಲೆ ಆಕೆ ನನ್ನನ್ನು ಕರೆಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕುಳಿತವರು ಒಬ್ಬೊಬ್ಬರಾಗಿ ಎದ್ದು ಹೋಗುವ ತನಕ ಕಾದು, ಆಮೇಲೆ ಕರೆದು, ಬಾಗಿಲು ಮುಂದಕ್ಕೆ ಮಾಡಿ, ಒಲೆಯ ಮುಂದೆ ಕೂರಿಸಿ ಓದಿಸುತ್ತಿದ್ದಳು. ಎರಡು ಸಲ ಓದಿಸಿಕೊಂಡ ಮೇಲೆ ಕಾಗದ ಒಲೆಗೆ ಹೋಗುತ್ತಿತ್ತು. "ಕೇಳಿದ್ದು ಇಲ್ಲೇ ಬಿಟ್ಟು ಹೋಗಪಾ ತಮ್ಮಾ, ಹೊರಗ ಒಯ್ಯಬ್ಯಾಡ" ಎಂಬ ಮಾತಿನೊಡನೆ ಪುಟಾಣಿ ಕೈಗೆ ಬರುತ್ತಿತ್ತು.

ಆ ಕಾಗದಗಳಲ್ಲಿ ಏನಿತ್ತೆಂದು ನಾನು ಇಂದಿಗೂ ಹೇಳಲಾರೆ. ಮುಚ್ಚಿಡಲೇಬೇಕಾದ ದೊಡ್ಡ ಗುಟ್ಟೇನೂ ಅಲ್ಲಿರಲಿಲ್ಲವೆಂದಷ್ಟೇ ಹೇಳಬಲ್ಲೆ. ಆದರೂ ಆಕೆ ಬಾಗಿಲು ಮುಂದಕ್ಕೆ ಮಾಡುತ್ತಿದ್ದಳು. ಓದು ಬಾರದ, ಊರು ಬಿಟ್ಟು ಹೊರಗೆ ಹೋಗದ ಆ ತಾಯಿ ಅಂದು ಮಾಡುತ್ತಿದ್ದುದಕ್ಕೆ ಭಾರತದ ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟ್ 24ರಂದು ಒಂದು ಹೆಸರನ್ನು ಒಪ್ಪಿಕೊಂಡಿತು. ಅದು ಖಾಸಗಿತನದ ಹಕ್ಕು.

ಕನ್ನಡದ ಮೇಷ್ಟರಾಗಿ ಬಾಳು ಕಳೆದವನಿಗೆ ಮೊದಲು ಕಣ್ಣಿಗೆ ಬೀಳುವುದು ಮಾತು. 'ಖಾಸಗಿ' ನಮ್ಮದಲ್ಲ, ಅರಬ್ಬಿಯ 'ಖಾಸ್' ಎಂಬುದರಿಂದ ಹುಟ್ಟಿ, ದೊರೆಗಳ ದಫ್ತರಗಳ ಮೂಲಕ ನಮ್ಮಲ್ಲಿಗೆ ಬಂದದ್ದು. ವಿಶೇಷವಾದದ್ದು, ಒಬ್ಬರಿಗೇ ಸೇರಿದ್ದು ಎಂದು ಅದರ ಅರ್ಥ. ಆ ಒಬ್ಬರು ಯಾರು? ದೊರೆ. ಇಂದೂರಿನ ಹೋಳ್ಕರರ ಮನೆತನದಲ್ಲಿ ಅರಮನೆಯ ಸ್ವಂತ ಬೊಕ್ಕಸಕ್ಕೆ ಖಾಸಗಿ ಎಂದೇ ಹೆಸರು. ನಮ್ಮ ರಾಯಚೂರು ಸೀಮೆ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಸ್ವಂತ ಆಸ್ತಿಯ ಭೂಮಿಗೆ 'ಸರ್ಫ್-ಎ-ಖಾಸ್' ಎನ್ನುತ್ತಿದ್ದರು. ಅದು 1949ರಲ್ಲಿ ಸರಕಾರದ ಭೂಮಿಯೊಡನೆ ಕೂಡಿಹೋಯಿತು. ಎಂದರೆ, ಒಂದು ಕಾಲದಲ್ಲಿ ಖಾಸಗಿ ಎಂಬುದು ಆಳುವವನಿಗೆ ಇದ್ದದ್ದು, ಆಳಿಸಿಕೊಳ್ಳುವವರಿಗೆ ಇದ್ದದ್ದಲ್ಲ. ಜನರ ಬಾಯಿ ಮಾತ್ರ ಈ ಶಬ್ದವನ್ನು ಬಹಳ ಹಿಂದೆಯೇ ತನ್ನದಾಗಿಸಿಕೊಂಡಿತು. "ಇವ ನನ್ನ ಖಾಸ ತಮ್ಮ" ಎಂದು ನಮ್ಮ ಕಡೆಯವರು ಹೇಳುವಾಗ ಅಲ್ಲಿ ದೊರೆಯೂ ಇಲ್ಲ, ಬೊಕ್ಕಸವೂ ಇಲ್ಲ.

ಆಳುವವರು ಆಳಿಸಿಕೊಳ್ಳುವವರ ಮನೆಯೊಳಗೆ ಇಣುಕುವುದು ಹೊಸದಲ್ಲ. ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ದೊರೆತ ತಾಳೆಗರಿಯನ್ನು ಆಧರಿಸಿ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿ. ಗೃಹಸ್ಥನ ವೇಷದ ಚಾರ, ವರ್ತಕನ ವೇಷದ ಚಾರ, ತಪಸ್ವಿಯ ವೇಷದ ಚಾರ ಎಲ್ಲರೂ ಅಲ್ಲಿದ್ದಾರೆ. ನನಗೆ ಅವರಿಗಿಂತ ಕುತೂಹಲದವನಾಗಿ ಕಂಡವನು 'ಗೋಪ' ಎಂಬ ಒಬ್ಬ ಸಣ್ಣ ಅಧಿಕಾರಿ. ತನ್ನ ಪಾಲಿಗೆ ಬಂದ ಮನೆಗಳಲ್ಲಿ ಯಾರಿದ್ದಾರೆ, ಅವರ ಜಾತಿ ಯಾವುದು, ಕಸುಬೇನು, ಆದಾಯವೆಷ್ಟು, ವೆಚ್ಚವೆಷ್ಟು ಎಂದು ಬರೆದಿಡುವುದು ಅವನ ಕೆಲಸ. ಅವನಿಗೆ ವೇಷ ಬೇಕಾಗಿಲ್ಲ. ಅವನ ಕೈಯಲ್ಲಿ ಲೆಕ್ಕದ ಕಡತವಿದೆ. ಕತೆ ಕಾದಂಬರಿಗಳೆಲ್ಲ ವೇಷದ ಚಾರನ ಬೆನ್ನು ಹತ್ತಿವೆ. ಈ ಗೋಪನ ಮೇಲೆ ಕಾದಂಬರಿ ಬರೆದವರನ್ನು ನಾನು ಕಾಣೆ.

ಇನ್ನು ನಿಜಾಮರ ಕಾಲಕ್ಕೆ ಬಂದರೆ, ಮಾಲಿಪಾಟೀಲ, ಪೋಲೀಸ್‌ಪಾಟೀಲ ಎಂಬ ಅಂದಿನ ಊರ ಅಧಿಕಾರದ ಹೆಸರುಗಳು ನಮ್ಮ ಸೀಮೆಯಲ್ಲಿ ಈಗಲೂ ಮನೆತನಗಳ ಅಡ್ಡಹೆಸರಾಗಿ ಉಳಿದಿವೆ. ಸಭೆ ಸೇರಬೇಕಾದರೆ ಮುಂಚಿತವಾಗಿ ಅಪ್ಪಣೆ ಪಡೆಯಬೇಕೆಂದು ವಿಧಿಸಿದ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆಯ ಮಾತನ್ನು ನಾವು ಹಿರಿಯರ ಬಾಯಿಂದ ಕೇಳಿ ಬೆಳೆದವರು. ಸುತ್ತೋಲೆಯನ್ನು ಹೇಳುವ ಆ 'ಗಸ್ತಿ'ಯೂ, ಪೋಲೀಸರು ರಾತ್ರಿ ತಿರುಗುವ 'ಗಸ್ತು' ಎಂಬುದೂ ಪಾರಸಿಯ ಒಂದೇ ಬೇರಿನವು. ಇರಲಿ.

ಈ ಗಸ್ತಿನವರು ನಡುರಾತ್ರಿ ಬಂದು ಬಾಗಿಲು ತಟ್ಟಬಹುದೆ ಎಂಬ ಪ್ರಶ್ನೆ ಸ್ವತಂತ್ರ ಭಾರತದಲ್ಲಿ ಒಮ್ಮೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಉತ್ತರ ಪ್ರದೇಶದ ಖಡಕ್ ಸಿಂಗ್ ಎಂಬವನನ್ನು 1941ರಲ್ಲಿ ದರೋಡೆಯ ಪ್ರಕರಣವೊಂದರಲ್ಲಿ ಹಿಡಿದು, ಸಾಕ್ಷ್ಯವಿಲ್ಲದೆ ಬಿಟ್ಟಿದ್ದರು. ಬಿಟ್ಟದ್ದು ಮನುಷ್ಯನನ್ನು ಮಾತ್ರ. ಅವನ ಹೆಸರು ದಾಖಲೆಯಲ್ಲಿ ಉಳಿಯಿತು. ಪೋಲೀಸರು ರಾತ್ರಿ ಬಂದು ಮನೆಯ ಮುಂದೆ ಕೂಗುವರು, ಬಾಗಿಲು ತಟ್ಟುವರು. 1962ರಲ್ಲಿ ನ್ಯಾಯಾಲಯ ಆ ರಾತ್ರಿಯ ಭೇಟಿಗಳನ್ನು ತಡೆಯಿತು. ಆದರೆ ಸಂವಿಧಾನದಲ್ಲಿ ಖಾಸಗಿತನದ ಹಕ್ಕೆಂಬುದಿಲ್ಲವೆಂದು ಹೇಳಿ, ಉಳಿದ ಕಾವಲಿಗೆ ಅಡ್ಡಿ ಮಾಡಲಿಲ್ಲ. ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರು, ನ್ಯಾಯಮೂರ್ತಿ ಷಾ ಅವರೊಡನೆ, ಈ ಮಾತನ್ನು ಒಪ್ಪದೆ ಬೇರೆಯಾಗಿ ಬರೆದರು. ಬೆನ್ನ ಹಿಂದೆ ಸದಾ ಕಣ್ಣೊಂದು ಇರುವವನು ಬಯಲಲ್ಲಿ ನಡೆಯುತ್ತಿದ್ದರೂ ಸ್ವತಂತ್ರನಲ್ಲ ಎಂಬುದು ಅವರ ವಾದದ ತಿರುಳು. ಅದು ತೀರ್ಪಿನ ಅಲ್ಪಮತವಾಗಿ ಐವತ್ತೈದು ವರ್ಷ ಕಾಯಬೇಕಾಯಿತು.

ಈ ನಡುವೆ ನಮ್ಮ ರಾಜ್ಯದಲ್ಲಿ ಟೆಲಿಫೋನು ಕದ್ದು ಕೇಳಿದ ಹಗರಣ ಎದ್ದು, 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು. ಅಂದು ನಮ್ಮ ಸೀಮೆಯ ಹಳ್ಳಿಗಳಲ್ಲಿ ಟೆಲಿಫೋನಿದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ದೊಡ್ಡವರ ಮಾತನ್ನು ದೊಡ್ಡವರು ಕದ್ದು ಕೇಳಿದರೆ ನಮಗೇನು ಎಂದು ಕಟ್ಟೆಯ ಮೇಲಿನ ಜನ ನಕ್ಕರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳುತ್ತೇನೆ. ಟೆಲಿಫೋನಿನ ಮಾತೂ ಖಾಸಗಿತನಕ್ಕೆ ಸೇರಿದ್ದು, ಮೇಲಧಿಕಾರಿಯ ಲಿಖಿತ ಆಜ್ಞೆಯಿಲ್ಲದೆ ಅದನ್ನು ಕೇಳಕೂಡದು ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಕಟ್ಟಳೆ ಮಾಡಿತು. ಆ ಆಜ್ಞೆ ಕೊಡುವವರೂ ಸರಕಾರದವರು, ಅದು ಸರಿಯೇ ಎಂದು ಆಮೇಲೆ ನೋಡುವ ಸಮಿತಿಯವರೂ ಸರಕಾರದವರು.

ಇಂದು ಆ ನಗೆ ನನಗೆ ಬಾರದು. ಏಕೆಂದರೆ ಕದ್ದು ಕೇಳುವ ಯಂತ್ರಕ್ಕಿಂತ ಗೋಪನ ಕಡತ ದೊಡ್ಡದಾಗಿದೆ. ಅದು ಇಂದು ದೊಡ್ಡವರ ಮನೆಗಿಂತ ಮೊದಲು ಬಂದು ನಿಂತದ್ದು ನಮ್ಮ ದೊಡ್ಡವ್ವನಂಥವರ ಮನೆಯ ಮುಂದೆ.

2009ರಲ್ಲಿ ಕೇಂದ್ರ ಸರಕಾರ ಪ್ರತಿಯೊಬ್ಬ ನಿವಾಸಿಗೂ ಒಂದು ಸಂಖ್ಯೆ ಕೊಡುವ ಪ್ರಾಧಿಕಾರವನ್ನು ಸ್ಥಾಪಿಸಿತು. ಹತ್ತು ಬೆರಳಿನ ಗುರುತು, ಎರಡು ಕಣ್ಣಿನ ಪಾಪೆಯ ಚಿತ್ರ, ಮುಖದ ಫೋಟೊ ಕೊಟ್ಟರೆ ಹನ್ನೆರಡು ಅಂಕೆಯ ಒಂದು ಸಂಖ್ಯೆ. ಹೆಸರು ಆಧಾರ್, ಊರೆಗೋಲು ಎನ್ನಿ. ಪ್ರಾಧಿಕಾರದ ಮೊದಲ ಅಧ್ಯಕ್ಷರು ಬೆಂಗಳೂರಿನ ನಂದನ್ ನಿಲೇಕಣಿ. ಸಂಸತ್ತಿನ ಕಾನೂನಿಲ್ಲದೆ ಇಂಥ ಕೆಲಸ ನಡೆಯಬಹುದೆ ಎಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದವರೂ ಅದೇ ಬೆಂಗಳೂರಿನವರು, ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 1926ರಲ್ಲಿ ಹುಟ್ಟಿದವರು, 1977ರಿಂದ 1986ರವರೆಗೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು. ಅರ್ಜಿ ಹಾಕಿದಾಗ ಅವರ ವಯಸ್ಸು 86. ಆ ವಯಸ್ಸಿನಲ್ಲಿ ನಾವೆಲ್ಲ ಔಷಧದ ಚೀಟಿ ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತುವವರು.

ಅರ್ಜಿಗೆ ಉತ್ತರವಾಗಿ 2015ರಲ್ಲಿ ಕೇಂದ್ರದ ಅಟಾರ್ನಿ ಜನರಲ್ ಅವರು ಎತ್ತಿದ ಮಾತು ಕೇಳುವಂಥದು. ಸಂಖ್ಯೆಯ ಯೋಜನೆ ಒಳ್ಳೆಯದು ಎಂದಷ್ಟೇ ಹೇಳಿ ಅವರು ನಿಲ್ಲಲಿಲ್ಲ. ಈ ದೇಶದ ಪ್ರಜೆಗೆ ಖಾಸಗಿತನವೆಂಬ ಮೂಲಭೂತ ಹಕ್ಕೇ ಇಲ್ಲವೆಂದರು. ಆಧಾರವಾಗಿ 1954ರ ಎಂಟು ನ್ಯಾಯಾಧೀಶರ ತೀರ್ಪನ್ನೂ, ಖಡಕ್ ಸಿಂಗನ ಮೊಕದ್ದಮೆಯ ಆರು ನ್ಯಾಯಾಧೀಶರ ತೀರ್ಪನ್ನೂ ಮುಂದಿಟ್ಟರು. ಎಂಟು ಮಂದಿ ಹೇಳಿದ್ದನ್ನು ಪರಾಮರ್ಶಿಸಲು ಒಂಬತ್ತು ಮಂದಿ ಕೂಡಬೇಕಾಯಿತು. 2017ರಲ್ಲಿ ಆ ಒಂಬತ್ತು ಮಂದಿಯೂ ಒಮ್ಮತದಿಂದ, ಖಾಸಗಿತನವು ಸಂವಿಧಾನದ 21ನೆಯ ಅನುಚ್ಛೇದ ಕಾಪಾಡುವ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಒಡಲಲ್ಲಿಯೇ ಇದೆಯೆಂದರು. ಅದರಲ್ಲಿ ಸರಕಾರ ಕೈಯಿಡಬೇಕಾದರೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಚಾಚಬೇಕು. ಸುಬ್ಬರಾಯರ ಅಲ್ಪಮತ ಅಂದು ನೆಲದ ಕಾನೂನಾಯಿತು. ತೀರ್ಪಿಗೆ ಹೆಸರು ಕೊಟ್ಟ ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು.

ಆಧಾರ್ ಮಾತ್ರ ಉಳಿಯಿತು. 2018ರ ಸೆಪ್ಟೆಂಬರ್ 26ರಂದು ಐವರು ನ್ಯಾಯಾಧೀಶರಲ್ಲಿ ನಾಲ್ವರು, 2016ರ ಆಧಾರ್ ಕಾಯಿದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದು, ಖಾಸಗಿ ಕಂಪನಿಗಳು ಅದನ್ನು ಕೇಳುವ ಅವಕಾಶವನ್ನು ತೆಗೆದುಹಾಕಿದರು. ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಒಬ್ಬರು ಒಪ್ಪಲಿಲ್ಲ. ಹೀಗಾಗಿ ಬ್ಯಾಂಕು, ಟೆಲಿಫೋನಿನ ಕಂಪನಿಗಳೊಡನೆ ವ್ಯವಹರಿಸುವ ಪೇಟೆಯ ಮನುಷ್ಯನಿಗೆ ತುಸು ಬಿಡುಗಡೆ ಸಿಕ್ಕಿತು. ಸರಕಾರದಿಂದ ಅಕ್ಕಿ, ಪಿಂಚಣಿ ಪಡೆಯುವವನಿಗೆ ಆ ಬಿಡುಗಡೆಯಿಲ್ಲ. ಬೇಡುವವನು ತೋರಿಸಬೇಕು.

ನಾನು ಒಂದು ಪಕ್ಷವನ್ನೇ ಹೇಳಿದರೆ ತಪ್ಪಾದೀತು. ಇಲ್ಲದ ಹೆಸರಿನ ಪಡಿತರ ಚೀಟಿಗಳಲ್ಲಿ ಯಾರ ಅಕ್ಕಿ ಯಾರ ಮನೆಗೆ ಹೋಗುತ್ತಿತ್ತೆಂದು ಹಳ್ಳಿಯವರಿಗೆ ಗೊತ್ತು. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾಗಿ ತಿಂಗಳಿಗೆ 2000 ರೂಪಾಯಿ ನೇರವಾಗಿ ತನ್ನ ಖಾತೆಗೆ ಬಂದಾಗ, ನಡುವೆ ಯಾರ ಕೈಯನ್ನೂ ನೋಡಬೇಕಿಲ್ಲವೆಂದು ಹಿಗ್ಗಿದ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಗುರುತು ಕೇಳುವುದೇ ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಆದರೆ ಅಕ್ಕಿಗೆ ಕೇಳಿದ ಗುರುತು ಆಸ್ಪತ್ರೆಗೂ ಬ್ಯಾಂಕಿಗೂ ಶಾಲೆಗೂ ಕೂಲಿಗೂ ಒಂದೇ ದಾರದಂತೆ ಪೋಣಿಸಿಕೊಂಡು ಹೋದಾಗ, ದಾರದ ತುದಿ ಯಾರ ಕೈಯಲ್ಲಿದೆಯೆಂದು ಕೇಳಬೇಕಾಗುತ್ತದೆ. 2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಕೆಲಸದಲ್ಲಿ ದಿನಕ್ಕೆ ಎರಡು ಸಲ ಕೂಲಿಗಳ ಫೋಟೊ ತೆಗೆದು ಹಾಜರಿ ಕಳಿಸುವುದು ಕಡ್ಡಾಯವಾಯಿತು. ಕಾಯಕ ಬಂಧು ಮೊಬೈಲು ಎತ್ತಿ ಹಿಡಿದರೆ, ಬುಟ್ಟಿ ಇಳಿಸಿ ಸಾಲಾಗಿ ನಿಲ್ಲಬೇಕು.

ಬೆರಳಿನ ಗುರುತಿನ ಮಾತಿಗೆ ಬರುತ್ತೇನೆ. ಜಗತ್ತಿನಲ್ಲಿ ಬೆರಳಚ್ಚಿನ ಮೊದಲ ಕಚೇರಿಗಳಲ್ಲೊಂದು 1897ರಲ್ಲಿ ಕಲಕತ್ತೆಯಲ್ಲಿ ತೆರೆಯಿತು. ಅದು ಅಪರಾಧಿಗಳಿಗಾಗಿ ತೆರೆದದ್ದು. ಇತ್ತ ಅಪರಾಧಿ ಬುಡಕಟ್ಟುಗಳೆಂದು ಕಾಯಿದೆ ಹಣೆಪಟ್ಟಿ ಹಚ್ಚಿದ ಜನರನ್ನು ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ತಂತಿಬೇಲಿಯೊಳಗಿಟ್ಟು ಹಾಜರಿ ಕೂಗುತ್ತಿದ್ದರು. ಆ ಕಾಯಿದೆ 1952ರಲ್ಲಿ ಹೋಯಿತು; ಸೆಟ್ಲಮೆಂಟ್ ಎಂಬ ಹೆಸರು ಹುಬ್ಬಳ್ಳಿ, ಗದಗಗಳ ಬಾಯಲ್ಲಿ ಉಳಿಯಿತು. ನಮ್ಮ ನುಡಿಯಲ್ಲಿ 'ಹೆಬ್ಬೆಟ್ಟು' ಎಂದರೆ ಓದು ಬಾರದವನೆಂದು ಅರ್ಥ. ಸಾಕ್ಷರತೆಯ ಆಂದೋಲನದ ಕಾಲದಲ್ಲಿ ಕಂದೀಲಿನ ಬೆಳಕಿನಲ್ಲಿ ಮುದುಕಿಯರ ಕೈಹಿಡಿದು ಸಹಿ ಕಲಿಸಿದವರಲ್ಲಿ ನಾನೂ ಒಬ್ಬ. ಹೆಬ್ಬೆಟ್ಟು ಒತ್ತುವ ಅವಮಾನ ಇನ್ನಿಲ್ಲವೆಂದು ಹೇಳಿ ಕಲಿಸಿದೆವು. ಈಗ ಅವರೂ ನಾನೂ ಒಟ್ಟಿಗೇ ಹೆಬ್ಬೆಟ್ಟು ಒತ್ತುತ್ತೇವೆ. ನನ್ನದು ಸೀಸದಕಡ್ಡಿ ಹಿಡಿದ ಬೆರಳು. ಬೇಗ ಗುರುತು ಸಿಗುತ್ತದೆ. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು, ಕಾಲುವೆಯ ಕೆಳಗೆ ನಾಟಿ ಮಾಡಿ ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ.

ತಪ್ಪು ಮಾಡದವನಿಗೆ ಅಂಜಿಕೆಯೇಕೆ ಎಂದು ಕೇಳುವವರುಂಟು. ನನ್ನ ಶಿಷ್ಯರಲ್ಲೇ ಅಧಿಕಾರಿಗಳಾದವರು ಕೇಳಿದ್ದಾರೆ. ಹಾಗಾದರೆ ಈ ಮಾತು ಎರಡೂ ಕಡೆಗೆ ಸಲ್ಲಬೇಕಷ್ಟೆ. ಕರ್ನಾಟಕ 2000ದಲ್ಲಿಯೇ ಮಾಹಿತಿ ಹಕ್ಕಿನ ಕಾಯಿದೆ ಮಾಡಿದ ರಾಜ್ಯ. ದೇಶಕ್ಕೆ ಅದು 2005ರಲ್ಲಿ ಬಂತು. ಯಾರ ಹೆಸರಿನಲ್ಲಿ ಎಷ್ಟು ಬಿಲ್ಲು ಎತ್ತಿದಿರಿ ಎಂದು ಕೇಳಲು ಸಾಮಾನ್ಯನಿಗೆ ಅದರಿಂದ ಧೈರ್ಯ ಬಂದಿತ್ತು. ಪುಟ್ಟಸ್ವಾಮಿಯವರ ತೀರ್ಪಿನ ಬೆನ್ನಿಗೆ, ಪ್ರಜೆಯ ಖಾಸಗಿತನವನ್ನು ಕಾಪಾಡಲೆಂದೇ 2023ರಲ್ಲಿ ಒಂದು ಕಾಯಿದೆಯಾಯಿತು. ತನಗೆ ಬೇಕಾದ ಸರಕಾರಿ ಅಂಗಗಳನ್ನು ಅದರಿಂದ ಹೊರಗಿಡುವ ಅಧಿಕಾರವನ್ನು ಕೇಂದ್ರ ಸರಕಾರ ಆ ಕಾಯಿದೆಯಲ್ಲಿಯೇ ಪಡೆದುಕೊಂಡಿತು. ಅದೇ ಕಾಯಿದೆಯ ಇನ್ನೊಂದು ಕಲಮು ಮಾಹಿತಿ ಹಕ್ಕನ್ನು ತಿದ್ದಿ, ಕೇಳಿದ್ದು ವೈಯಕ್ತಿಕ ಮಾಹಿತಿಯೆಂದರೆ ಸಾಕು, ಕೊಡದಿರಬಹುದೆಂದು ಮಾಡಿತು. ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಸಾರ್ವಜನಿಕ ಹಿತ ಹೆಚ್ಚಿನದಾದರೆ ಕೊಡಬಹುದೆಂಬ ಬೇರೊಂದು ಕಲಮು ಉಳಿದಿದೆ, ನಿಜ. ಆದರೆ ಹೆಚ್ಚಿನದೋ ಅಲ್ಲವೋ ಎಂದು ಮೊದಲು ತೂಗುವವನು ಮಾಹಿತಿ ಕೊಡಬೇಕಾದ ಅಧಿಕಾರಿಯೇ. ಖಾಸಗಿ ಎಂಬ ಮಾತು ಬಂದ ದಾರಿಯಲ್ಲೇ ಹಿಂದಿರುಗಿ ಅರಮನೆಗೆ ಹೊರಟಂತೆ ನನಗೆ ತೋರುತ್ತದೆ.

ಕಳೆದ ತಿಂಗಳು ಒಂದು ನ್ಯಾಯಬೆಲೆ ಅಂಗಡಿಯ ಮುಂದೆ, ನಮ್ಮವರ ಮಾತಿನಲ್ಲಿ ಸೊಸೈಟಿಯ ಮುಂದೆ, ಪಾಳಿಯಲ್ಲಿ ನಿಂತಿದ್ದೆ. ನನ್ನ ಮುಂದೆ ದೊಡ್ಡವ್ವನ ಮೊಮ್ಮಗಳು. ಮೊದಲ ಸಲ ಬೆರಳಿಟ್ಟಳು, ಹೊಂದಲಿಲ್ಲ. ಸೆರಗಿಗೆ ಒರೆಸಿ ಇಟ್ಟಳು, ಹೊಂದಲಿಲ್ಲ. "ಇನ್ನೊಂದು ಬಟ್ಟು ಇಡಬೇ" ಎಂದ ಅಂಗಡಿಯವ. ನಾಲ್ಕನೆಯ ಸಲಕ್ಕೆ ಹೊಂದಿತು; ಆಕೆಯ ಹೆಸರು, ಮನೆಯಲ್ಲಿ ಎಷ್ಟು ಜನ, ಎಲ್ಲವೂ ಆ ಸಣ್ಣ ಯಂತ್ರದ ಮೇಲೆ ಮೂಡಿದವು; ಪಾಳಿಯಲ್ಲಿದ್ದ ನಾವೆಲ್ಲ ಓದಿಕೊಂಡೆವು. ಯಂತ್ರದ ಹಿಂದಿನ ಗೋಡೆಯಲ್ಲಿ ದಾಸ್ತಾನಿನ ಕಪ್ಪು ಹಲಗೆ ತೂಗುತ್ತಿತ್ತು. ಅದರಲ್ಲಿ ಬಂದ ಅಕ್ಕಿ ಎಷ್ಟು, ಹಂಚಿದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಬಿಳಿ ಬಣ್ಣದಲ್ಲಿ ಬರೆದಿತ್ತು; ಮುಂದಿನ ಮನೆಗಳಲ್ಲಿ ಅಂಕೆಗಳಿರಲಿಲ್ಲ.