ಅಂಕಿಗಳೊಳಗೆ ಅಡಗಿರುವ ಸಮಾಳ

ಮಾಘ ಮಾಸದಲ್ಲಿ ಕೊಟ್ಟೂರೇಶ್ವರನ ತೇರು ಹೊರಡುವಾಗ ಸಮಾಳವೆಂಬ ಚರ್ಮವಾದ್ಯದ ಪೆಟ್ಟು ಕಿವಿಗಷ್ಟೇ ಬೀಳುವುದಿಲ್ಲ, ಎದೆಗೂ ತಾಗುತ್ತದೆ. ಮಕ್ಕಳೇ, ಅದೇ ಸದ್ದನ್ನು ಅಣ್ಣನೋ ಮಾವನೋ ಫೋನಿನಲ್ಲಿ ಹಿಡಿದು ಮನೆಯಲ್ಲಿ ಕೇಳಿಸಿದಾಗ ಆ ಗುಮ್ಮೆನ್ನುವ ಭಾರ ಎಲ್ಲಿ ಹೋಯಿತು ಅನ್ನಿಸಿರಬೇಕಲ್ಲ? ಅದನ್ನು ಹುಡುಕಿಕೊಂಡು ಹೊರಟರೆ ಫೋನಿನ ಹೊಟ್ಟೆಯವರೆಗೂ ಹೋಗಬೇಕಾಗುತ್ತದೆ.

ಅಲ್ಲಿ ನಮಗೆ ಸಿಗುವುದು ಸದ್ದಲ್ಲ, ಬರೀ ಅಂಕಿಗಳು. ಸಮಾಳದ ಚರ್ಮ ನಡುಗಿದರೆ ಸುತ್ತಲಿನ ಗಾಳಿ ನಡುಗುತ್ತದೆ. ಆ ನಡುಕವನ್ನು ಫೋನಿನ ಮೈಕು ಏರಿಳಿಯುವ ವಿದ್ಯುತ್ತಾಗಿ ಮಾಡುತ್ತದೆ. ಈ ಏರಿಳಿತವನ್ನು ಒಂದು ಚಿಪ್ಪು ಎಡೆಬಿಡದೆ ಅಳೆಯುತ್ತ, ಪ್ರತಿ ಅಳತೆಯನ್ನೂ ಒಂದು ಅಂಕಿಯಾಗಿ ಬರೆದಿಡುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಗೆ ಗೊತ್ತುಮಾಡಿದ ಲೆಕ್ಕ ಸೆಕೆಂಡಿಗೆ 44,100 ಅಳತೆ. ಅದೇ ಲೆಕ್ಕ ಇಂದಿಗೂ ಹೆಚ್ಚಿನ ಹಾಡುಗಳಲ್ಲಿ ನಡೆದುಬಂದಿದೆ. ಪ್ರತಿ ಅಳತೆಗೂ ಸೊನ್ನೆ ಅಥವಾ ಒಂದು ಬರೆಯುವ 16 ಬಿಟ್‌ಗಳ ಜಾಗವಿರುತ್ತದೆ, ಎಂದರೆ ಅಲೆಯ ಎತ್ತರವನ್ನು 65,536 ಮೆಟ್ಟಿಲುಗಳಲ್ಲಿ ಗುರುತಿಸಬಹುದು.

ಅಲೆ ಎಲ್ಲೂ ಕಡಿಯದೆ ಹರಿಯುತ್ತದೆ, ಅಳತೆಗಳೋ ಬಿಡಿಬಿಡಿ. ನಡುವಿನದೆಲ್ಲ ಕಳೆದುಹೋಗುವುದಿಲ್ಲವೇ? ಇಲ್ಲ! ಈ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಸಂಗತಿ ಇದೇ. ಅಮ್ಮ ಅಂಗಳದಲ್ಲಿ ಮೊದಲು ಚುಕ್ಕಿ ಇಡುತ್ತಾಳೆ, ಆಮೇಲೆ ಚುಕ್ಕಿಗಳ ಮೇಲೆ ಬಾಗುವ ಗೆರೆ ಎಳೆಯುತ್ತಾಳೆ. ರಂಗೋಲಿಯಲ್ಲಾದರೆ ಅದೇ ಚುಕ್ಕಿಗಳಿಂದ ಹತ್ತು ಬಗೆಯ ಚಿತ್ರ ಬಿಡಿಸಬಹುದು. ಸದ್ದಿನ ಚುಕ್ಕಿಗಳಿಗೆ ಆ ಸ್ವಾತಂತ್ರ್ಯವಿಲ್ಲ. ಸದ್ದಿನಲ್ಲಿರುವ ಅತಿ ವೇಗದ ಕಂಪನಕ್ಕೆ ಎರಡಕ್ಕಿಂತ ಹೆಚ್ಚು ಚುಕ್ಕಿ ಸಿಕ್ಕಿದ್ದರೆ ಸಾಕು, ಆ ಚುಕ್ಕಿಗಳ ಮೂಲಕ ಹಾಯುವ ಸರಿಯಾದ ಅಲೆ ಒಂದೇ ಒಂದು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಇದರ ಬುನಾದಿ ಹಾಕಿದರು, ಕ್ಲಾಡ್ ಶ್ಯಾನನ್ 1949ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ಎಳೆಯ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳುತ್ತದೆ. ಅದರ ಎರಡರಷ್ಟು 40,000. ಮೇಲೆ ಸ್ವಲ್ಪ ಬಿಡುವು ಇರಲೆಂದು 44,100.

ಚುಕ್ಕಿಗಳ ಮೇಲೆ ಆ ಗೆರೆ ಎಳೆಯುವ ಚಿಪ್ಪಿನ ಹೆಸರು ಡ್ಯಾಕ್. ಅಂಕಿಗಳನ್ನು ಮತ್ತೆ ಏರಿಳಿಯುವ ವಿದ್ಯುತ್ತಾಗಿ ಮಾಡುವ ಪರಿವರ್ತಕ ಅದು. ಆ ವಿದ್ಯುತ್ತು ಇಯರ್‌ಫೋನಿನ ತೆಳು ಪೊರೆಯನ್ನು ಅಲುಗಿಸಿದಾಗಲೇ ಗಾಳಿ ಮತ್ತೆ ನಡುಗುವುದು. ಸದ್ದು ಮಾಡುವ ಪ್ರತಿ ಫೋನಿನಲ್ಲೂ ಒಂದು ಡ್ಯಾಕ್ ಇದ್ದೇ ಇರುತ್ತದೆ. ಹಾಗಿರುವಾಗ ಕೆಲವರು ಹೊರಗಿನಿಂದ ಇನ್ನೊಂದನ್ನು ಸಿಕ್ಕಿಸುವುದು ಯಾಕೆ?

ಫೋನು ಬಹಳ ಇಕ್ಕಟ್ಟಿನ ಜಾಗ. ಟವರಿನೊಂದಿಗೆ ಮಾತಾಡುವ ರೇಡಿಯೋ, ಬಿಡುವಿಲ್ಲದೆ ಲೆಕ್ಕ ಮಾಡುವ ಪ್ರೊಸೆಸರು, ಬ್ಯಾಟರಿ ತುಂಬಿಸುವ ಸರ್ಕೀಟು ಎಲ್ಲವೂ ಒತ್ತೊತ್ತಾಗಿವೆ. ಸಂಗೀತದ ವಿದ್ಯುತ್ತು ಬಹಳ ನವಿರಾದದ್ದು. ಪಕ್ಕದವರ ಗದ್ದಲ ಅದರೊಳಗೆ ನುಸುಳಿದರೆ ಸಣ್ಣಗೆ ಸುಯ್ಯೆನ್ನುವ ಸದ್ದು ಕೇಳುತ್ತದೆ. ಹೊರಗಿನ ಡ್ಯಾಕ್ ಈ ನೆರೆಹೊರೆಯಿಂದ ದೂರ ಕೂತು ಕೆಲಸ ಮಾಡುತ್ತದೆ. ಒಳ್ಳೆಯ ಡ್ಯಾಕ್‌ನೊಳಗೆ ಹರಳಿನ ಗಡಿಯಾರವೂ ಇರುತ್ತದೆ. ಫೋನು ಕೊಟ್ಟಾಗ ತೆಗೆದುಕೊಳ್ಳದೆ, ಅದು ತನ್ನ ಹರಳಿನ ತಾಳಕ್ಕೆ ಅಂಕಿಗಳನ್ನು ಕೇಳಿ ಪಡೆಯುತ್ತದೆ. ದೊಡ್ಡ ಹೆಡ್‌ಫೋನನ್ನು ಅಲುಗಿಸಲು ಬೇಕಾದ ಕಸುವೂ ಅದಕ್ಕೆ ಹೆಚ್ಚು.

ಇನ್ನೊಂದು ಸರಳ ಕಾರಣವೂ ಇದೆ. 2016ರ ಐಫೋನ್ 7ರಲ್ಲಿ ಇಯರ್‌ಫೋನಿನ ದುಂಡು ತೂತೇ ಮಾಯವಾಯಿತು. ಆಮೇಲೆ ಬೇರೆ ಕಂಪನಿಗಳ ಎಷ್ಟೋ ಫೋನುಗಳೂ ಅದೇ ದಾರಿ ಹಿಡಿದವು. ಹಳೆಯ ಇಯರ್‌ಫೋನು ಬಳಸಬೇಕೆಂದರೆ ಚಾರ್ಜರ್ ಸಿಕ್ಕಿಸುವ ಟೈಪ್-ಸಿ ಬಾಯಿಗೆ ಒಂದು ಗಿಡ್ಡ ಅಡಾಪ್ಟರ್ ಬೇಕು. ಕೊಳ್ಳುವಾಗ ಅಪ್ಪನಿಗೆ ಇದನ್ನು ನೆನಪಿಸಿ: ಕೆಲವು ಅಡಾಪ್ಟರ್‌ಗಳೊಳಗೆ ಬರೀ ತಂತಿ ಇರುತ್ತದೆ, ಚಿಪ್ಪು ಇರುವುದಿಲ್ಲ. ಎಷ್ಟೋ ಫೋನುಗಳಲ್ಲಿ ಅವು ಕೆಲಸವನ್ನೇ ಮಾಡುವುದಿಲ್ಲ. ‘ಇದರಲ್ಲಿ ಡ್ಯಾಕ್ ಇದೆಯಾ’ ಎಂದು ಅಂಗಡಿಯವರನ್ನು ಕೇಳಿ.

ಜೋಡಿಸುವುದು ಕಷ್ಟವಲ್ಲ, ದೊಡ್ಡವರು ಜೊತೆಗಿದ್ದರೆ ಸಾಕು. ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ. ಡ್ಯಾಕ್ ಫೋನಿಗೆ, ಇಯರ್‌ಫೋನು ಡ್ಯಾಕ್‌ಗೆ. ಹಾಡು ಶುರುವಾದ ಮೇಲಷ್ಟೇ ಇಯರ್‌ಫೋನನ್ನು ಕಿವಿಗೆ ಹಾಕಿಕೊಂಡು ವಾಲ್ಯೂಮನ್ನು ನಿಧಾನಕ್ಕೆ ಏರಿಸಿ. ಸದ್ದೇ ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ, ಹೊರಗಿನ ಉಪಕರಣಗಳನ್ನು ಫೋನಿಗೆ ಜೋಡಿಸಲು ಬಿಡುವ ಓ.ಟಿ.ಜಿ. ಆನ್ ಆಗಿದೆಯೇ ನೋಡಿ. ಕೆಲವು ಫೋನುಗಳಲ್ಲಿ ಅದನ್ನು ನಾವೇ ಆನ್ ಮಾಡಬೇಕು, ಬಳಸದೆ ಬಿಟ್ಟರೆ ತಾನೇ ಆಫ್ ಆಗುತ್ತದೆ. ಹಳೆಯ ಮೈಕ್ರೋ ಯು.ಎಸ್.ಬಿ. ಫೋನಾದರೆ ಚಾರ್ಜರಿನ ವಯರು ಸಾಲದು, ಓ.ಟಿ.ಜಿ. ವಯರೇ ಬೇಕು. ಡ್ಯಾಕ್ ತನ್ನ ಊಟವನ್ನು ಫೋನಿನಿಂದಲೇ ಪಡೆಯುವುದರಿಂದ ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ.

ಇಲ್ಲಿಗೆ ಮುಗಿಯಲಿಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಹಾಡು, ಮೆಸೇಜಿನ ಟಣ್, ಆಟದ ಸದ್ದು ಎಲ್ಲ ಒಂದು ಕಡೆ ಸೇರಿ ಹೊರಗೆ ಬರುತ್ತವೆ. ಎಲ್ಲವೂ ಒಂದೇ ಲೆಕ್ಕಕ್ಕೆ ಬರಬೇಕೆಂದು ಫೋನು ಸಾಮಾನ್ಯವಾಗಿ 44,100 ಅಂಕಿಗಳನ್ನು 48,000 ಮಾಡಿ ಹೊಸದಾಗಿ ಬರೆಯುತ್ತದೆ. ಈ ಕೂಟದೊಳಗೆ ಹೋಗದೆ, ಅಂಕಿಗಳನ್ನು ಇದ್ದಂತೆಯೇ ಡ್ಯಾಕ್‌ಗೆ ಮುಟ್ಟಿಸುವ ಹಾಡಿನ ಆ್ಯಪ್‌ಗಳಿವೆ. 2023ರ ಆಂಡ್ರಾಯ್ಡ್ 14ರಲ್ಲಿ ಫೋನಿಗೇ ಆ ದಾರಿ ತೆರೆಯಲಾಯಿತು. ಬ್ಲೂಟೂತ್‌ನಲ್ಲಿ ಕೇಳುವಾಗ ಮಾತ್ರ ಈ ಹೊರಗಿನ ಡ್ಯಾಕ್‌ಗೆ ಕೆಲಸವಿಲ್ಲ, ಅಲ್ಲಿ ಕಿವಿಯಲ್ಲಿರುವ ಇಯರ್‌ಫೋನಿನೊಳಗೇ ಒಂದು ಡ್ಯಾಕ್ ಕೂತಿರುತ್ತದೆ.

ಈಗ ನಮ್ಮ ಸಮಾಳಕ್ಕೆ ಬರೋಣ. ಡ್ಯಾಕ್ ಎಷ್ಟೇ ಒಳ್ಳೆಯದಿರಲಿ, ಅಂಕಿಗಳಲ್ಲಿ ಇಲ್ಲದ್ದನ್ನು ಅದು ತರಲಾರದು. ಸಿ.ಡಿ.ಯ ಸಂಗೀತಕ್ಕೆ ಎಡ-ಬಲ ಎರಡೂ ಕಿವಿಗಳ ಪಾಲು ಸೇರಿ ಸೆಕೆಂಡಿಗೆ 14,11,200 ಬಿಟ್‌ಗಳು ಬೇಕು. ‘128’ ಎಂದು ಬರೆದಿರುವ ಎಂಪಿ3 ಹಾಡಿನಲ್ಲಿ ಇರುವುದು 1,28,000, ಹನ್ನೊಂದರಲ್ಲಿ ಒಂದು ಪಾಲು. ಕಿವಿ ಗಮನಿಸಲಾರದು ಎಂದು ಲೆಕ್ಕ ಹಾಕಿ ಉಳಿದದ್ದನ್ನು ಬಿಸಾಡಿರುತ್ತಾರೆ. ಜಾತ್ರೆಯ ರೆಕಾರ್ಡಿಂಗಿಗೆ ಇನ್ನೊಂದು ಪೆಟ್ಟೂ ಬಿದ್ದಿರಬಹುದು. 65,536 ಮೆಟ್ಟಿಲುಗಳಲ್ಲಿ ಅರ್ಧ ಅಲೆಯ ಇಳಿತಕ್ಕೆ ಹೋಗುವುದರಿಂದ, 16 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಅಂಕಿ 32,767. ಸಮಾಳದವರ ಪಕ್ಕದಲ್ಲೇ ನಿಂತು ರೆಕಾರ್ಡ್ ಮಾಡಿದರೆ ಪೆಟ್ಟು ಅದನ್ನು ದಾಟಿ, ಅಲೆಯ ತಲೆ ಚಪ್ಪಟೆಯಾಗುತ್ತದೆ. ಮೈಕೇ ಸೋತಿರಲೂಬಹುದು. ಹಾಗಾಗಿ ಡ್ಯಾಕ್‌ಗೆ ದುಡ್ಡು ಹಾಕುವ ಮುಂಚೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಏನನ್ನೂ ಬಿಸಾಡದ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ರೆಕಾರ್ಡ್ ಮಾಡುವುದು ಮೇಲು. ಸಮಾಳದ ಆಳದ ಗುಮ್ಮು ಫೋನಿನ ಪುಟ್ಟ ಸ್ಪೀಕರಿನಿಂದ ಹೊರಡುವುದೇ ಇಲ್ಲ. ಒಳ್ಳೆಯ ಇಯರ್‌ಫೋನು ತರುವ ವ್ಯತ್ಯಾಸ ಹೆಚ್ಚಾಗಿ ಡ್ಯಾಕ್ ತರುವ ವ್ಯತ್ಯಾಸಕ್ಕಿಂತ ದೊಡ್ಡದು.

ವಾಲ್ಯೂಮಿನ ಬಗ್ಗೆ ಎಚ್ಚರವಿರಲಿ. ಮಕ್ಕಳು 75 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದು ಜೋರಾದಷ್ಟೂ ಈ ಗಂಟೆಗಳು ಬೇಗ ಕರಗುತ್ತವೆ.

ಡ್ಯಾಕ್ ಹಾಕಿದ್ದರಿಂದ ನಿಜಕ್ಕೂ ಬದಲಾಯಿತೇ? ಬಾಯಿಮಾತನ್ನು ನಂಬಬೇಡಿ, ಪರೀಕ್ಷೆ ಮಾಡಿ. ಫೋನಿಗೆ ದುಂಡು ತೂತೂ ಇದ್ದರೆ ಇದು ಸುಲಭ. ನೀವು ಕಣ್ಣು ಮುಚ್ಚಿ ಕೂರಿ, ತಂಗಿ ನಾಣ್ಯ ಚಿಮ್ಮಿ ಒಮ್ಮೆ ಡ್ಯಾಕ್‌ನಿಂದ, ಒಮ್ಮೆ ಫೋನಿನಿಂದ ಒಂದೇ ಹಾಡು ಕೇಳಿಸಲಿ. ಎರಡರ ಸದ್ದೂ ಒಂದೇ ಮಟ್ಟದಲ್ಲಿರಬೇಕು, ಯಾಕೆಂದರೆ ತುಸು ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಹತ್ತು ಸಲ ಊಹಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಐದಾರು ಸರಿಯಾದರೆ ಅದು ಬರೀ ಅದೃಷ್ಟವಿರಬಹುದು. ಕುರುಡು ಊಹೆಯಿಂದ ಒಂಬತ್ತೋ ಹತ್ತೋ ಸರಿಯಾಗುವ ಸಾಧ್ಯತೆ ನೂರಕ್ಕೆ ಸುಮಾರು ಒಂದು.